ಲಗ್ನಕ್ಕ ದೊಡ್ಡ ಬ್ಯಾಂಡ್ ಕರೆಸಿದ್ವಿ: ಹುಬ್ಬಳ್ಳ್ಯಾಗ ಹೆಂಗ ಆತು, ರೇಟ್ ಎಷ್ಟು, ಬುಕ್ ಮಾಡೂ ಮುಂದ ಏನ್ ಕೇಳ್ಬೇಕು

ಮೊದಲ ಮಾರ್ಕ್ಸ್ ಹೇಳಿಬಿಡ್ತೀನಿ, ಐದಕ್ಕ ನಾಕು. ಒಂದು ಯಾಕ ಕಟ್ ಮಾಡೀನಿ ಅನ್ನೋದು ಕೆಳಗ ಬರದೀನಿ, ಆದ್ರ ನಮ್ಮ ಮನ್ಯಾಗ ಮತ್ತೊಂದು ಲಗ್ನ ಆದ್ರ ಡಿಜೆ ಅಲ್ಲ, ಇವರನ್ನ ಕರೆಸೂದು, ಅದರಾಗ ಎರಡು ಮಾತಿಲ್ಲ.

ಲಗ್ನ ನಮ್ಮ ತಂಗೀದು. ಬೀಗರು ಗದಗಿನವ್ರು, ಲಗ್ನ ಇಟ್ಟಿದ್ದು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಕಲ್ಯಾಣ ಮಂಟಪದಾಗ. ಮನಿ ಹುಡುಗ್ರೆಲ್ಲಾ ಡಿಜೆ ಡಿಜೆ ಅಂತ ಕುಂತಿದ್ರು, ಬ್ಯಾಡ ಅಂದಾಕಿ ನಾನು. ಯಾಕಂದ್ರ ಡಿಜೆ ಗಾಡಿ ಮುಂದ ಕುಣಿಯೋ ಹತ್ತು ಹುಡುಗ್ರಿಗೆ ಖುಷಿ ಆಗತೈತಿ ಖರೆ, ಆದ್ರ ಹಿಂದ ವರನ ಜೋಡಿ ನಡ್ಕೊಂತ ಬರೂ ಅಜ್ಜ ಅಜ್ಜಿ, ಕೂಸು ಎತ್ಕೊಂಡ ಹೆಣ್ಮಕ್ಕಳು, ಬಿಪಿ ಇದ್ದೋರು, ಅವರಿಗೆಲ್ಲಾ ಎದಿ ಧಡಧಡ ಅಂತಿರ್ತೈತಿ, ಬಾಜೂದವರು ಏನ್ ಅಂದ್ರು ಅಂತ ಕೇಳೂದಿಲ್ಲ, ಎರಡು ಮನಿ ಮಂದಿ ಮೊದಲ ಸಲ ಕೂಡಿ ನಡೆಯೂ ಹೊತ್ತಿನಾಗ ಬಾಯಿ ಮುಚ್ಕೊಂಡು ನಡೆಯೂದು ಅಂದ್ರ ಅದೇನು ಮೆರವಣಿಗಿ ಹೇಳ್ರಿ. ಬ್ಯಾಂಡಿನ ಸಪ್ಪಳನೂ ಸಣ್ಣದಲ್ಲ, ಆದ್ರ ಅದು ಉಸಿರಿನಿಂದ ಬರೂ ಸಪ್ಪಳ, ಊದೋರು ಉಸಿರು ತಗೊಳ್ಳಾಕ ನಿಂತಾಗ ನಮಗೂ ಮಾತಾಡಾಕ ಜಾಗ ಸಿಗತೈತಿ.

ಬ್ಯಾಂಡ್‌ನವ್ರ ಕಡೆ ಹೋದ ಕೂಡ್ಲೆ ಅವರು ಕೇಳೂದು, "ಎಷ್ಟ್ ಮಂದಿ ಬೇಕ್ರಿ ಅಕ್ಕಾರ?" ಅಂತ. 11, 15, 21, 31 ಹಿಂಗ ಸೆಟ್ ಹೇಳ್ತಾರ. ನಾವು 21 ಹೇಳಿದ್ವಿ. ಕ್ಲಾರ್ನೆಟ್ 3, ಟ್ರಂಪೆಟ್ 6, ಸ್ಯಾಕ್ಸೋಫೋನ್ 2, ಯುಫೋನಿಯಂ ಅನ್ನೋ ದಪ್ಪ ದನಿಯ ಪಿತ್ತಳಿ ವಾದ್ಯ 3, ಸೈಡ್ ಡ್ರಮ್ 3, ದೊಡ್ಡ ಡ್ರಮ್ ಒಂದು, ಝಾಂಜ್ (ದೊಡ್ಡ ತಾಳ) ಒಂದು, ಸ್ಪೀಕರ್ ಗಾಡಿ ಮ್ಯಾಲೆ ಕ್ಯಾಸಿಯೋ (ಕೀಬೋರ್ಡ್) ಒಂದು, ಹಾಡೋರು ಒಬ್ಬರು. ಆದ್ರ ಖರೆ ಹೇಳ್ತೀನಿ, ತಲಿ ಎಣಿಸಿ ರೊಕ್ಕ ಕೊಡೂದರಕಿಂತ ಮುಂದಿನ ಕ್ಲಾರ್ನೆಟ್ ಯಾರು ಹಿಡೀತಾರ ಅನ್ನೋದು ಕೇಳ್ರಿ. ಟ್ರಂಪೆಟ್ ಹತ್ತು ಇರ್ಲಿ, ಹಾಡು ಯಾವುದು, ಯಾವಾಗ ಹಿಡಿಯೂದು, ಯಾವಾಗ ಬಿಡೂದು, ಎಲ್ಲಾ ಆ ಮಾಸ್ತರ್ ಕಣ್ಸನ್ನಿ ಮ್ಯಾಲೆ ನಡೀತೈತಿ. ಸೀಜನ್‌ನ್ಯಾಗ ಒಂದ ಹೆಸರಿನ ಮ್ಯಾಲೆ ಒಂದ ದಿನ ಎರಡು ಮೂರು ಟೀಮ್ ಹೊಂಡ್ತಾವು, ಸುತ್ತಲಿನ ಹಳ್ಳಿಯಿಂದ ದಿನದ ಪಗಾರಕ್ಕ ಊದೋರನ್ನ ಕರ್ಕೊಂಡು ಬಂದಿರ್ತಾರ, ಎಲ್ಲಾರದೂ ಅದ ಕೆಂಪು ಡ್ರೆಸ್ಸು, ಅದ ಟೊಪಿಗಿ, ಹೊರಗಿಂದ ನೋಡಿದ್ರ ಗೊತ್ತಾಗೂದಿಲ್ಲ. ಹಂಗಾಗಿ ನಮ್ಮ ತಾರೀಖಿಗೆ ಯಾವ ಮಾಸ್ತರ್ ಬರ್ತಾರ ಅಂತ ಹೆಸರು ಹಿಡದು ಕೇಳಿ ಚೀಟಿ ಮ್ಯಾಲೆ ಬರೆಸ್ಕೋರಿ.

ಮೊಬೈಲ್‌ನ್ಯಾಗಿನ ವಿಡಿಯೋ ನೋಡಿ ಬುಕ್ ಮಾಡಬ್ಯಾಡ್ರಿ. ನಾನೂ ನಮ್ಮ ಕಾಕಾನೂ ಹಳೇ ಹುಬ್ಬಳ್ಳಿ ಕಡೆ ಅವರ ಖೋಲಿಗೇ ಹೋದ್ವಿ. ಗ್ವಾಡಿ ತುಂಬ ವಾದ್ಯ ತೂಗಹಾಕಿದ್ರು, ಪಿತ್ತಳಿ ವಾದ್ಯ ಬಹುತೇಕ ಉತ್ತರ ಪ್ರದೇಶದ ಮೀರತ್ತಿನ ಜಾಲಿ ಕೋಠಿ ಅನ್ನೋ ಓಣ್ಯಾಗ ತಯಾರಾಗಿ ಬರೂದಂತ, ಮಾಸ್ತರ್ ಕ್ಲಾರ್ನೆಟ್ ಮಾತ್ರ ಬ್ಯಾರೆ ಪೆಟಿಗ್ಯಾಗ ಬಟ್ಟಿ ಸುತ್ತಿ ಇಟ್ಟಿದ್ರು, ಅದನ್ನ ನೋಡಿನ ನನಗ ಅರ್ಧ ಧೈರ್ಯ ಬಂತು. "ಮಾಸ್ತರ್ರೀ, ಸಿನಿಮಾ ಹಾಡು ಬ್ಯಾಡ, ಸಾವಕಾಶ ಇರೂ ಒಂದು ವಚನ ನುಡಿಸಿ ತೋರಿಸ್ರಿ" ಅಂದೆ. ಯಾಕಂದ್ರ ಫಾಸ್ಟ್ ಹಾಡಿನ್ಯಾಗ ಡ್ರಮ್ ಸಪ್ಪಳದ ಕೆಳಗ ತಪ್ಪೆಲ್ಲಾ ಮುಚ್ಚಿ ಹೊಕ್ಕಾವು, ಸಾವಕಾಶದ ಹಾಡಿನ್ಯಾಗ ಒಂದ ಸ್ವರದ ಮ್ಯಾಲೆ ನಿಲ್ಲಬೇಕು, ಅಲ್ಲಿ ಗೊತ್ತಾಗತೈತಿ. ಅವರು ಕಣ್ಣು ಮುಚ್ಚಿ ಎರಡು ನಿಮಿಷ ಊದಿದ್ರು ನೋಡ್ರಿ, ನಮ್ಮ ಕಾಕಾ ಅಲ್ಲೇ ಕಿಸೆಕ್ಕ ಕೈ ಹಾಕಿ ಸಂಚಕಾರ ಕೊಟ್ಟುಬಿಟ್ರು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ರೋಣದಾಗ ಹುಟ್ಟಿದ ಭೀಮಸೇನ ಜೋಶಿ, ಇವರ ಹಾಡು ಕೇಳ್ಕೊಂತ ಬೆಳದ ಮಂದಿ ಲಗ್ನಕ್ಕ ಬಂದಿರ್ತಾರ, ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಸಂಗೀತ ಕಲ್ತವರು ಊರೂರಿಗೆ ಅದಾರ, ಬೀಗರ ಕಡೆನೂ ಹಾರ್ಮೋನಿಯಂ ಹಿಡಿಯೋ ಹಿರಿಯರೊಬ್ಬರು ಇದ್ರು, ಅವರ ಮುಂದ ಸ್ವರ ಬಿಟ್ಟು ಊದಿದ್ರ ಹೋಗೂದು ನಮ್ಮ ಮನಿ ಮರ್ಯಾದಿ. ಬ್ಯಾಂಡ್ ಅಂದ್ರ ಬರೇ ಗದ್ದಲ ಅನ್ನೋರಿಗೆ ಇನ್ನೊಂದು ಹೇಳ್ತೀನಿ, ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಬೆನ್ನು ಹತ್ತಿದ್ದು ಮೈಸೂರು ಅರಮನಿ ಬ್ಯಾಂಡಿನ್ಯಾಗ ಅದನ್ನ ಕೇಳಿದ ಮ್ಯಾಲೆ. ಅಂಥಾ ವಿದ್ವಾಂಸರ ಕಿವಿಗೆ ಹಿಡಿಸಿದ್ದು ಬ್ಯಾಂಡ್‌ನ್ಯಾಗಿನ ವಾದ್ಯ.

ಲಗ್ನದ ಹಿಂದಿನ ದಿನ ಸಂಜಿಮುಂದ ನಿಬ್ಬಣ ಬಂತು. ಏಪ್ರಿಲ್ ಬಿಸಿಲು, ನಾಕೂವರಿ ಆದ್ರೂ ಡಾಂಬರು ಸುಡತಿತ್ತು. ಇಲ್ಲೇ ನನಗ ಈ ಮಾಸ್ತರ್ ಎಂಥಾವ್ರು ಅಂತ ಪಕ್ಕಾ ಗೊತ್ತಾದದ್ದು. ಎರಡನೇ ಹಾಡಿನ್ಯಾಗ ಏನೋ ಕಿವಿಗೆ ಕಸಿವಿಸಿ ಅನಸ್ತು, ಕ್ಯಾಸಿಯೋ ಒಂದು ಕಡೆ ಟ್ರಂಪೆಟ್ ಇನ್ನೊಂದು ಕಡೆ ಎಳದಂಗ. ಮಾಸ್ತರ್ ಹಾಡು ಮುಗಿಯೂತನಕ ತಡದು, ಕೈ ಎತ್ತಿ ಎಲ್ಲಾರನ್ನೂ ನಿಲ್ಲಿಸಿ, ಕ್ಯಾಸಿಯೋ ಹುಡುಗನಿಗೆ ಬಂದ್ ಮಾಡು ಅಂದ್ರು. ತಮ್ಮ ಕ್ಲಾರ್ನೆಟ್ಟಿನ ಕೊಳವಿ ಜೋಡಿಸಿದ ಕಡೆ ಸ್ವಲ್ಪ ಹೊರಗ ಎಳದ್ರು, ಟ್ರಂಪೆಟ್‌ನವ್ರಿಗೂ ಸ್ಲೈಡ್ ಕೊಳವಿ ಎಳೀರಿ ಅಂದ್ರು, ಒಂದು ಸ್ವರ ಊದಿ ಎಲ್ಲಾರದೂ ಕೂಡಿಸ್ಕೊಂಡು ಮತ್ತ ಶುರು ಮಾಡಿದ್ರು. ಆಮ್ಯಾಲ ಕೇಳಿದೆ, ಅವರು ಹೇಳಿದ್ರು, ಊದೋ ವಾದ್ಯ ಬಿಸಿ ಆದಂಗ ಅದರ ಸ್ವರ ಮ್ಯಾಲ ಏರತೈತಿ, ಕ್ಯಾಸಿಯೋಕ್ಕ ಬಿಸಿಲಿನ ಗೊಡವಿ ಇಲ್ಲ, ಅದು ಇದ್ದಲ್ಲೇ ಇರ್ತೈತಿ, ಹಂಗಾಗಿ ಎರಡಕ್ಕೂ ಕೂಡೂದಿಲ್ಲ, ಕೊಳವಿ ಸ್ವಲ್ಪ ಉದ್ದ ಮಾಡಿದ್ರ ಸ್ವರ ಕೆಳಗ ಇಳೀತೈತಿ. ಎಷ್ಟೋ ಮೆರವಣಿಗ್ಯಾಗ ಬ್ಯಾಂಡ್ ಕರ್ಕಶ ಅನಸೂದು ಇದಕ್ಕ ಅಂತ ನನಗ ಅವತ್ತು ತಿಳೀತು. ರಸ್ತೆ ನಡುವ, ಮಂದಿ ಕುಣಿಯಾಕ ಕಾಲು ಎತ್ತಿ ನಿಂತಾಗ, ಹುಡುಗ್ರು "ಹೊಡೀರಿ ಹೊಡೀರಿ" ಅಂತ ಒದರ್ತಿರಬೇಕಾದ್ರ, ಒಂದು ನಿಮಿಷ ನಿಂತು ಶ್ರುತಿ ಕೂಡಿಸ್ಕೋತಾರ ಅಂದ್ರ ಆ ಮನಷ್ಯಾಗ ಕೆಲಸದ ಮ್ಯಾಲೆ ಎಷ್ಟು ಪ್ರೀತಿ ಇರ್ಬೇಕು. ಆ ಹಾರ್ಮೋನಿಯಂ ಹಿರಿಯರು ಮುಂದ ಬಂದು ಅವರ ಬೆನ್ನು ಚಪ್ಪರಿಸಿದ್ದು ನಾನ ಕಂಡೆ.

ದಾರ್ಯಾಗ ಒಂದು ದವಾಖಾನಿ ಬರ್ತೈತಿ. ನಾವು ಯಾರೂ ಹೇಳಿದ್ದಿಲ್ಲ, ಅದು ಇನ್ನೂ ದೂರ ಇದ್ದಾಗನ ಮಾಸ್ತರ್ ಬಂದ್ ಮಾಡಿಸಿದ್ರು, ಎಲ್ಲಾರೂ ಸುಮ್ಮನ ನಡದು ದಾಟಿದ ಮ್ಯಾಲೆ ಮತ್ತ ಹಿಡದ್ರು. 2000ದ ಶಬ್ದ ಮಾಲಿನ್ಯ ನಿಯಮದಾಗ ದವಾಖಾನಿ, ಸಾಲಿ, ಕೋರ್ಟ್ ಸುತ್ತ ಕಡಿಮಿ ಅಂದ್ರ 100 ಮೀಟರ್ ಜಾಗಾನ ಸರ್ಕಾರ ಸೈಲೆನ್ಸ್ ಝೋನ್ ಅಂತ ಘೋಷಣೆ ಮಾಡಬಹುದು, ರಾತ್ರಿ 10ರಿಂದ ಮುಂಜಾನೆ 6ರ ತನಕ ಬಯಲಿನ್ಯಾಗ ಸ್ಪೀಕರ್ ಅಷ್ಟ ಅಲ್ಲ, ವಾದ್ಯನೂ ಬಾರಿಸೂ ಹಂಗಿಲ್ಲ. ಬ್ಯಾಂಡಿಗೆ ಇದೆಲ್ಲಾ ಇಲ್ಲ, ಡಿಜೆಗೆ ಅಷ್ಟ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಿಲ್ಲ. ರಾತ್ರಿ ಮೆರವಣಿಗಿ ಇದ್ರ 10ರ ಒಳಗ ಮುಗಿಯೂ ಹಂಗ ಟೈಮ್ ಹಾಕ್ಕೋರಿ, ಪೊಲೀಸ್ ಸ್ಟೇಷನ್‌ಗೆ ಹೋಗಿ ಗಾಡಿ ಸ್ಪೀಕರಿಗೆ ಪರವಾನಗಿ ತಗೋರಿ, ಇದನ್ನ ಬ್ಯಾಂಡ್‌ನವ್ರ ಮ್ಯಾಲೆ ಬಿಡಬ್ಯಾಡ್ರಿ.

ಮರುದಿನ ಮುಂಜಾನೆ ವೀರಭದ್ರ ದೇವರ ಗುಗ್ಗಳ, ಅಂದ್ರ ದೇವರ ಹೆಸರಿನ್ಯಾಗ ಮಾಡೂ ಮೆರವಣಿಗಿ ಸೇವಾ. ಬ್ಯಾಂಡ್ ಹೆಂಗೂ ಬಂದೈತಿ, ಗುಗ್ಗಳಕ್ಕೂ ಹಚ್ಚೂಣು ಅಂತ ಒಬ್ಬಿಬ್ಬರು ಅಂದ್ರು. ಅದಕ್ಕ ಮಾಸ್ತರ್ರೇ ಕೈ ಮುಗದು, "ಯಜಮಾನ್ರ, ಅದು ಕರಡಿ ಮಜಲಿನವ್ರ ಜಾಗ, ಅಲ್ಲಿ ನಾವು ಊದಬಾರ್ದು" ಅಂದ್ರು. ಕರಡಿ ಮಜಲು ಅಂದ್ರ ಕರಡಿ ಅನ್ನೋ ಚರ್ಮವಾದ್ಯ, ಸನಾದಿ (ಶಹನಾಯಿ) ಕೂಡಿದ ಮೇಳ. ವೀರಭದ್ರನ ಸೇವಾ ಮಾಡೂ ಪುರವಂತರು ಒಡಪು, ಅಂದ್ರ ದೇವರ ಮ್ಯಾಲಿನ ನುಡಿ, ಹೇಳಬೇಕಾದ್ರ ಕರಡಿ, ಸನಾದಿ ಅದರ ಹಿಂದಿಂದ ಏರಿ ಬರ್ಬೇಕು, ಅದರಾಗ ಟ್ರಂಪೆಟ್ ಸೇರಿದ್ರ ಎರಡೂ ಕೆಡ್ತಾವು. 21 ಮಂದಿ ಬಾಯಿ ಮುಚ್ಕೊಂಡು ಗಿಡದ ನೆರಳಾಗ ಕುಂತು ಕರಡಿ ಮಜಲು ಕೇಳಿದ್ರು. ರೊಕ್ಕ ಕೊಟ್ಟೀವಿ ಅಂತ ಎಲ್ಲಾ ಕಡೆ ಊದಸೋ ಮಂದಿಗೆ ಈ ಮಾತು ಮುಟ್ಟಲಿ.

ಹೆಣ್ಣು ಕಳಿಸೋ ಮುಂದ ಎಲ್ಲಾರನ್ನೂ ನಿಲ್ಲಿಸಿ ಮಾಸ್ತರ್ ಒಬ್ಬರೇ ಭೈರವಿ ರಾಗ ಊದಿದ್ರು. ಡ್ರಮ್ ಇಲ್ಲ, ಮೈಕ್ ಇಲ್ಲ. ನಮ್ಮವ್ವ ಅಲ್ಲೀತನಕ ಗಟ್ಟಿ ಆಗಿ ನಿಂತಾಕಿ, ಆಮ್ಯಾಲ ತಡ್ಕೊಳ್ಳಾಕ ಆಗ್ಲಿಲ್ಲ. ಇದಕ್ಕ ಬ್ಯಾರೆ ರೇಟ್ ಹಚ್ಚಲಿಲ್ಲ, ನಾವು ಕೇಳಿದ್ದೂ ಅಲ್ಲ.

ಈಗ ಆ ಒಂದು ಮಾರ್ಕ್ಸ್. ಸಂಜಿ ಮೆರವಣಿಗಿಗೆ 21ಕ್ಕ 18 ಮಂದಿ ಅಷ್ಟ ಬಂದ್ರು, ಮೂರು ಟ್ರಂಪೆಟ್ ಕಡಿಮಿ, ಮರುದಿನ ಮುಂಜಾನೆ ಪೂರ್ತಿ ಆದ್ರು. ಬಸ್ ತಪ್ಪೇತಿ ಅಂದ್ರು, ಆದ್ರ ಆ ದಿನ ಊರಾಗ ಲಗ್ನ ಭಾಳ ಇದ್ದವು, ಆ ಮೂರು ಮಂದೀನ್ನ ಮಾಲಕರು ಬ್ಯಾರೆ ಕಡೆ ಕಳಿಸ್ಯಾರ ಅಂತ ನಮಗ ಅನಸ್ತು. ಎರಡನೇದು ಆ ಗಾಡಿ. ಜನರೇಟರ್ ಸಪ್ಪಳ, ಅದರ ಹೊಗಿ, ಹಾಡೋರ ಮೈಕ್ ಸಿಕ್ಕಾಪಟ್ಟಿ ಜೋರು, ಹಿಂದ ಯುಫೋನಿಯಂನವ್ರು ಅಷ್ಟ ಛಲೋ ಊದ್ತಿದ್ರೂ ಮುಂದಿನವ್ರಿಗೆ ಕೇಳಸ್ತಿದ್ದಿಲ್ಲ. ಕ್ಯಾಸಿಯೋ ಬಂದ್ ಆದ ಮ್ಯಾಲೆ ಎಷ್ಟ ಹಿತ ಅನಸ್ತು ಅಂದ್ರ, ಮುಂದಿನ ಸಲ ಗಾಡಿನ ಬ್ಯಾಡ ಅಂತ ಮೊದಲ ಹೇಳ್ತೀವಿ. ಇದು ಮಾಸ್ತರ್ ತಪ್ಪಲ್ಲ, ಮಾಲಕರದು, ನಾನು ಅವರಿಗೆ ಮುಖಾಮುಖಿನ ಹೇಳೀನಿ.

ರೇಟ್: ಎರಡು ಹೊತ್ತಿಗೆ ಕೂಡಿ 42 ಸಾವಿರಕ್ಕ ಮಾತಾಗಿತ್ತು, ಹೊತ್ತಿಗೆ ಎರಡು ತಾಸು, ಡ್ರೆಸ್ಸು, ಗಾಡಿ, ಅವರು ಬರೂ ಹೋಗೂ ಖರ್ಚು ಎಲ್ಲಾ ಅದರಾಗ. 10 ಸಾವಿರ ಸಂಚಕಾರ ಕೊಟ್ಟಿದ್ವಿ, ಉಳದದ್ದು ಎರಡನೇ ಹೊತ್ತು ಮುಗದ ಮ್ಯಾಲೆ. ಮೂರು ಮಂದಿ ಕಡಿಮಿ ಆದದ್ದಕ್ಕ 3 ಸಾವಿರ ಮುರ್ಕೊಂಡ್ವಿ, ಚೀಟಿ ಮ್ಯಾಲೆ ಎಷ್ಟ ಮಂದಿ ಅಂತ ಬರೆಸಿದ್ದಕ್ಕ ವಾದ ಆಗ್ಲಿಲ್ಲ. ಮೆರವಣಿಗ್ಯಾಗ ಮಂದಿ ಹಾರಿಸೋ ನೋಟು ಬ್ಯಾಂಡ್‌ನವ್ರದು, ಅದನ್ನ ಲೆಕ್ಕಕ್ಕ ಹಿಡೀಬಾರ್ದು, ಹುಡುಗ್ರಿಗೆ ಮೊದಲ ಹೇಳಿಡ್ರಿ. ಮತ್ತ ಊದೋ ಮುಂಚೆ ಅವರಿಗೆ ಹೊಟ್ಟಿ ತುಂಬ ಊಟಕ್ಕ ಒತ್ತಾಯ ಮಾಡಬ್ಯಾಡ್ರಿ, ಉಸಿರು ಹಿಡಿಯಾಕ ಆಗೂದಿಲ್ಲಂತ, ಚಾ ಮತ್ತ ನೀರು ಸಾಕು, ಮುಗದ ಮ್ಯಾಲೆ ಪಂಕ್ತ್ಯಾಗ ಕೂಡಿಸಿ ಹೋಳಿಗಿ ತುಪ್ಪ ಎಲ್ಲಾ ಬಡಸ್ರಿ. ಕೆಲವು ಕಡೆ ಅವರಿಗೆ ಹಿತ್ತಲದಾಗ ಕಾಗದದ ತಾಟು ಕೊಟ್ಟು ಕಳಸ್ತಾರ, ನೋಡಿ ನನಗ ಭಾಳ ಕೆಟ್ಟ ಅನಸ್ತೈತಿ.

ಓಣಿ ಸಣ್ಣದಿದ್ರ, ದುರ್ಗದಬೈಲ್ ಕಡೆ ಗಲ್ಲಿ ಥರ ಇದ್ರ, 21 ಮಂದಿ ಬ್ಯಾಡ, ಸಪ್ಪಳ ಗ್ವಾಡಿಗೆ ಬಡದು ವಾಪಸ್ ಬರ್ತೈತಿ, 11 ಸಾಕು, ಒಳ್ಳೆ ಮಾಸ್ತರ್ ಇರ್ಬೇಕು ಅಷ್ಟ. ಹಾಲ್ ಒಳಗ ಆರತಕ್ಷತೆಗೂ ಇಷ್ಟು ದೊಡ್ಡ ಬ್ಯಾಂಡ್ ಬ್ಯಾಡ, ಕ್ಲಾರ್ನೆಟ್ ಒಂದು, ಸ್ಯಾಕ್ಸೋಫೋನ್ ಒಂದು, ತಬಲಾ ಕೂಡಿಸಿ ಕೊಡ್ರಿ ಅಂದ್ರ ಅವರೇ ವ್ಯವಸ್ಥೆ ಮಾಡ್ತಾರ. ಏಪ್ರಿಲ್, ಮೇದಾಗ ಲಗ್ನ ಇದ್ರ ಸಂಕ್ರಾಂತಿ ಆದ ಕೂಡ್ಲೆ ಹೋಗಿ ಮಾಸ್ತರ್ ಹೆಸರಿನ ಮ್ಯಾಲೆ ತಾರೀಖು ಬರೆಸಿಬಿಡ್ರಿ, ಆಮ್ಯಾಲ ಹೋದ್ರ ಡ್ರೆಸ್ ಸಿಗ್ತಾವು, ಮಾಸ್ತರ್ ಸಿಗೂದಿಲ್ಲ.