ಡೆನೊಸುಮ್ಯಾಬ್ ಇಂಜೆಕ್ಷನ್: ಕೆಲಸ ಅಚ್ಚುಕಟ್ಟು, ಗಡುವು ಕಟ್ಟುನಿಟ್ಟು

ಮೂಳೆ ಸವೆತಕ್ಕೆ ಆರು ತಿಂಗಳಿಗೊಂದು ಇಂಜೆಕ್ಷನ್ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರೆ ಅದು ಬಹುಮಟ್ಟಿಗೆ ಡೆನೊಸುಮ್ಯಾಬ್. ಮೊದಲೇ ತುಂಬಿಸಿಟ್ಟ ಸಿರಿಂಜು, ಅದರಲ್ಲಿ 1 ಮಿ.ಲೀ. ದ್ರಾವಣ, ಅದರೊಳಗೆ 60 ಮಿ.ಗ್ರಾಂ ಔಷಧ; ಚರ್ಮದ ಕೆಳಗೆ ಚುಚ್ಚಿದರೆ ಮುಗಿಯಿತು. ವಾರಕ್ಕೊಮ್ಮೆ ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಅರ್ಧ ಗಂಟೆ ಮಲಗದೆ ಕೂರುವ ಕಷ್ಟವಿಲ್ಲ, ಡ್ರಿಪ್ ಹಾಕಿಸಿಕೊಳ್ಳುವ ಗೋಜೂ ಇಲ್ಲ. ಮೂಳೆ ಗಟ್ಟಿ ಮಾಡುವುದರಲ್ಲಿ ಇದಕ್ಕೆ ನಾವು ಪೂರ್ತಿ ಅಂಕ ಕೊಡುತ್ತೇವೆ. ಆದರೆ ಇದನ್ನು ಶುರುಮಾಡುವುದು ಸುಲಭ, ಬಿಡುವುದು ಕಷ್ಟ. ಆ ಮಾತನ್ನು ಮೊದಲ ಸಿರಿಂಜು ಕೊಳ್ಳುವ ಮುಂಚೆಯೇ ಬಿಡಿಸಿ ಹೇಳಬೇಕು. ಎಷ್ಟೋ ಕಡೆ ಹೇಳುವುದಿಲ್ಲ.

ಬಿಡುವುದು ಯಾಕೆ ಕಷ್ಟ ಎಂದು ತಿಳಿಯಬೇಕಾದರೆ ಮೂಳೆಯ ಕೋಶಗಳ ಕಡೆ ನೋಡಬೇಕು. ಮೂಳೆಯಲ್ಲಿ ಕೆಡವುವ ಕೋಶಗಳಿವೆ, ಕಟ್ಟುವ ಕೋಶಗಳಿವೆ. ಕೆಡವುವ ಕೋಶದ ಹೆಸರು ಆಸ್ಟಿಯೋಕ್ಲಾಸ್ಟ್. ರಕ್ತದ ಬಿಳಿಕೋಶಗಳ ವಂಶದಲ್ಲೇ ಹುಟ್ಟಿ, ಹಲವು ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಆಗುವ ದೊಡ್ಡ ಕೋಶ ಇದು. ಮೂಳೆಯ ಮೇಲೆ ಅಂಟಿ ಕೂತು, ಸುತ್ತ ಅಂಚು ಮುಚ್ಚಿಕೊಂಡು, ಆ ಗೂಡಿನೊಳಗೆ ಆಮ್ಲ ಸುರಿಸಿ ಖನಿಜವನ್ನು ಕರಗಿಸುತ್ತದೆ. ಉಳಿದ ಕೊಲಾಜೆನ್ ನಾರನ್ನು ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವದಿಂದ ಕತ್ತರಿಸುತ್ತದೆ. ಒಂದು ಗುಂಡಿ ತೋಡಲು ಎರಡು ಮೂರು ವಾರ ಸಾಕು. ಅದೇ ಗುಂಡಿಯನ್ನು ಕಟ್ಟುವ ಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳು ತುಂಬಿ ಗಟ್ಟಿ ಮಾಡಲು ಮೂರು ನಾಲ್ಕು ತಿಂಗಳು ಬೇಕು. ತೋಡುವ ಕೆಲಸ ಸ್ವಲ್ಪ ಹೆಚ್ಚಾದರೂ ತುಂಬುವ ಕೆಲಸ ಹಿಂದೆ ಬೀಳುವುದು ಇದರಿಂದಲೇ.

ಆಸ್ಟಿಯೋಕ್ಲಾಸ್ಟ್ ತಾನಾಗಿ ಹುಟ್ಟುವುದಿಲ್ಲ, ಅಪ್ಪಣೆ ಬರಬೇಕು. ಆ ಅಪ್ಪಣೆಯೇ ರ‍್ಯಾಂಕ್‌ಎಲ್ ಎಂಬ ಪ್ರೋಟೀನ್. ಅದಕ್ಕೆ ಕಡಿವಾಣ ಹಾಕಲು ದೇಹವೇ ಇನ್ನೊಂದು ಪ್ರೋಟೀನ್ ಮಾಡುತ್ತದೆ, ಆಸ್ಟಿಯೋಪ್ರೊಟೆಜೆರಿನ್. ಅದು ರ‍್ಯಾಂಕ್‌ಎಲ್ ಅನ್ನು ನಡುದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. 1997ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿಯ ಸಂಶೋಧಕರೂ, ಜಪಾನಿನ ಸ್ನೋ ಬ್ರ್ಯಾಂಡ್ ಎಂಬ ಹಾಲಿನ ಕಂಪನಿಯ ಸಂಶೋಧಕರೂ ಬೇರೆ ಬೇರೆಯಾಗಿ ಈ ಕಡಿವಾಣವನ್ನು ಕಂಡುಹಿಡಿದರು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದಾಗ ಅಪ್ಪಣೆ ಏರುತ್ತದೆ, ಕಡಿವಾಣ ಸಡಿಲವಾಗುತ್ತದೆ. ದಿನಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರಲ್ಲೂ ಇದೇ ಆಗುತ್ತದೆ, ಜೊತೆಗೆ ಕಟ್ಟುವ ಕೋಶಗಳೂ ಸಾಯುತ್ತವೆ. ಅಪ್ಪಣೆ ಹೊರಡಿಸುವವರು ಯಾರು ಎಂಬುದು 2011ರಲ್ಲಿ ಸ್ಪಷ್ಟವಾಯಿತು: ಮೂಳೆಯ ಒಳಗೇ ಹುದುಗಿರುವ, ಮೂಳೆಯ ಕೋಶಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲಿರುವ ಆಸ್ಟಿಯೋಸೈಟ್‌ಗಳೇ ಅದರ ಮುಖ್ಯ ಮೂಲ.

ಡೆನೊಸುಮ್ಯಾಬ್ ಮಾಡುವುದು ದೇಹದ ಆ ಕಡಿವಾಣದ ಕೆಲಸವನ್ನೇ. ಇದು ಮನುಷ್ಯರ ರ‍್ಯಾಂಕ್‌ಎಲ್‌ಗೆ ಅಂಟುವ ಆಂಟಿಬಾಡಿ. ಇಲಿಯ ರ‍್ಯಾಂಕ್‌ಎಲ್‌ಗೆ ಅಂಟುವುದೇ ಇಲ್ಲ. ಪ್ರಯೋಗಕ್ಕಾಗಿ ಮನುಷ್ಯರ ಜೀನಿನ ತುಣುಕು ಸೇರಿಸಿದ ಇಲಿಗಳನ್ನು ಬೆಳೆಸಬೇಕಾಯಿತು. ಅಷ್ಟು ಗುರಿಯಿಟ್ಟ ಔಷಧ. ಚುಚ್ಚಿದ ಮೂರೇ ದಿನದಲ್ಲಿ ಮೂಳೆ ಕರಗುವಿಕೆಯನ್ನು ಅಳೆಯುವ ಸಿಟಿಎಕ್ಸ್ ರಕ್ತಪರೀಕ್ಷೆಯ ಅಂಕಿ ಸುಮಾರು ನೂರಕ್ಕೆ 85ರಷ್ಟು ಕುಸಿಯುತ್ತದೆ.

ಫಲ ಎಷ್ಟು? 2009ರಲ್ಲಿ ಪ್ರಕಟವಾದ ಫ್ರೀಡಂ ಅಧ್ಯಯನದಲ್ಲಿ 60ರಿಂದ 90 ವರ್ಷದ 7,868 ಮಹಿಳೆಯರಿದ್ದರು. ಮೂರು ವರ್ಷದಲ್ಲಿ ಹೊಸದಾಗಿ ಬೆನ್ನುಮೂಳೆ ಮುರಿದವರು ಔಷಧವಿಲ್ಲದ ಹುಸಿ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 7.2, ಔಷಧ ಪಡೆದವರಲ್ಲಿ 2.3. ಸೊಂಟದ ಮೂಳೆ ಮುರಿದವರು 1.2 ಮತ್ತು 0.7. ಹತ್ತು ವರ್ಷ ಬಿಡದೆ ತೆಗೆದುಕೊಂಡವರ ಬೆನ್ನುಮೂಳೆಯ ಸಾಂದ್ರತೆ ಶುರುವಿನಲ್ಲಿದ್ದುದಕ್ಕಿಂತ ನೂರಕ್ಕೆ 21.7 ಏರಿತು. ಹತ್ತು ವರ್ಷ ಏರುತ್ತಲೇ ಹೋಗುವುದು ಮಾತ್ರೆಗಳಲ್ಲಿ ಕಾಣದ ಸಂಗತಿ. ಅವು ಕೆಲವು ವರ್ಷಕ್ಕೆ ಒಂದು ಮಟ್ಟದಲ್ಲಿ ನಿಲ್ಲುತ್ತವೆ.

ಈಗ ಕೊಳ್ಳುವ ವಿಷಯ. ಪೆಟ್ಟಿಗೆಯ ಮೇಲೆ 60 ಮಿ.ಗ್ರಾಂ ಎಂದೇ ಇದೆಯೇ ನೋಡಿ. ಇದೇ ಔಷಧ 120 ಮಿ.ಗ್ರಾಂ ಅಳತೆಯಲ್ಲೂ ಬರುತ್ತದೆ. ಅದು ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ನಾಲ್ಕು ವಾರಕ್ಕೊಮ್ಮೆ ಕೊಡುವಂಥದ್ದು, ಮೂಳೆ ಸವೆತದ್ದಲ್ಲ. ಮೂಲ ಬ್ರ್ಯಾಂಡ್ ಪ್ರೋಲಿಯಾ 2010ರಲ್ಲಿ ಬಂತು. ಈಗ ಅದನ್ನೇ ಹೋಲುವಂತೆ ಬೇರೆ ಕಂಪನಿಗಳು ತಯಾರಿಸಿದ ಬಯೋಸಿಮಿಲರ್‌ಗಳು ಹಲವಿವೆ. ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್ ತಯಾರಿಕೆಗೂ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಬೆಲೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬಹಳ ವ್ಯತ್ಯಾಸ. ಲೆಕ್ಕ ಹಾಕುವಾಗ ಒಂದು ಸಿರಿಂಜಿನ ಬೆಲೆ ನೋಡಬೇಡಿ. ಐದು ವರ್ಷಕ್ಕೆ ಹತ್ತು ಸಿರಿಂಜು, ಜೊತೆಗೆ ಕೊನೆಯಲ್ಲಿ ಬೇರೆ ಔಷಧಕ್ಕೆ ಬದಲಾಗುವ ಖರ್ಚು ಸೇರಿಸಿ. ಆ ಮೊತ್ತ ಕೈಗೆಟಕದು ಎನಿಸಿದರೆ ಶುರುಮಾಡದಿರುವುದೇ ಕ್ಷೇಮ. ನಾಲ್ಕು ಡೋಸ್ ತೆಗೆದುಕೊಂಡು ದುಡ್ಡಿಲ್ಲವೆಂದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಸಿರಿಂಜು ಅಂಗಡಿಯಿಂದ ಮನೆಗೆ ಬರುವವರೆಗೂ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಮೆಡಿಕಲ್ ಸ್ಟೋರಿನವರು ಐಸ್ ಪ್ಯಾಕ್ ಜೊತೆ ಕೊಡದಿದ್ದರೆ ಕೇಳಿ ಪಡೆಯಿರಿ, ಆದರೆ ಸಿರಿಂಜು ಐಸಿಗೆ ನೇರ ತಾಗದಂತೆ ನಡುವೆ ಬಟ್ಟೆಯೋ ರಟ್ಟೋ ಇರಲಿ. ಒಮ್ಮೆ ಹೆಪ್ಪುಗಟ್ಟಿದರೆ ಆ ಸಿರಿಂಜು ಕೆಟ್ಟಂತೆ. ಮನೆಯ ಫ್ರಿಡ್ಜಿನಲ್ಲಿ ಫ್ರೀಜರಿಗೆ ತಾಗುವ ಜಾಗವೂ ಬೇಡ, ತೆಗೆದು ಮುಚ್ಚುವ ಬಾಗಿಲ ಅರೆಯೂ ಬೇಡ. ನಡುವಿನ ಅರೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೇ ಇಡಿ. ಬೆಳಕೂ ಇದಕ್ಕೆ ಆಗಿಬರುವುದಿಲ್ಲ. ಪದೇ ಪದೇ ಕರೆಂಟು ಹೋಗುವ ಊರಾದರೆ ಮನೆಯಲ್ಲಿಡುವ ಬದಲು ಚುಚ್ಚಿಸಿಕೊಳ್ಳುವ ದಿನವೇ ಕೊಳ್ಳುವುದು ಒಳ್ಳೆಯದು. ಚುಚ್ಚುವ 15ರಿಂದ 30 ನಿಮಿಷ ಮೊದಲು ಹೊರಗಿಡಿ. ಬಿಸಿನೀರಿನಲ್ಲಿ ಅದ್ದಬೇಡಿ, ಕುಲುಕಬೇಡಿ. ದ್ರಾವಣ ತಿಳಿಯಾಗಿ, ಬಣ್ಣವಿಲ್ಲದೆ ಅಥವಾ ತುಸು ಹಳದಿಯಾಗಿರಬೇಕು; ಮಬ್ಬಾಗಿದ್ದರೆ ವಾಪಸು ಕೊಡಿ. ನರ್ಸು ತೋಳಿನ ಮೇಲ್ಭಾಗ, ತೊಡೆ ಅಥವಾ ಹೊಟ್ಟೆಗೆ ಚುಚ್ಚುತ್ತಾರೆ.

ಮೊದಲ ಡೋಸಿಗೆ ಮುಂಚೆ ಮಾಡಲೇಬೇಕಾದ ರಕ್ತಪರೀಕ್ಷೆಗಳು ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್. ಇದನ್ನು ಬಿಟ್ಟು ಚುಚ್ಚಿದರೆ ಏನಾಗುತ್ತದೆಂದರೆ, ಮೂಳೆಯಿಂದ ರಕ್ತಕ್ಕೆ ಬರುತ್ತಿದ್ದ ಕ್ಯಾಲ್ಸಿಯಂ ದಾರಿ ಒಮ್ಮೆಲೇ ಮುಚ್ಚುತ್ತದೆ, ಹೊಟ್ಟೆಯಿಂದ ಬರುವುದು ಸಾಲದೆ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಸುಮಾರು ಹತ್ತನೆಯ ದಿನ ಅದು ಅತಿ ಕೆಳಗಿರುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಮಾಂಸಖಂಡ ಹಿಡಿದುಕೊಳ್ಳುವುದು, ಇವು ಲಕ್ಷಣ. ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಿಡ್ನಿ ತೀರ ಸೋತವರಲ್ಲಿ, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದು ಪ್ರಾಣಕ್ಕೆ ಬರಬಹುದೆಂದು ಎಫ್‌ಡಿಎ 2024ರ ಜನವರಿಯಲ್ಲಿ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಪೆಟ್ಟಿಗೆಯ ಚೀಟಿಗೆ ಸೇರಿಸಿತು. ಈ ಔಷಧ ಕಿಡ್ನಿಯ ಮೂಲಕ ಹೊರಹೋಗುವುದಿಲ್ಲ, ಹಾಗಾಗಿ ಕಿಡ್ನಿ ತೊಂದರೆಯವರಿಗೆ ಒಳ್ಳೆಯದು ಎಂಬ ಮಾತು ಅರ್ಧ ಮಾತ್ರ ನಿಜ.

ವಿಟಮಿನ್ ಡಿ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಿಸಿಕೊಂಡು ಆಮೇಲೆ ಇಂಜೆಕ್ಷನ್. ದಿನಕ್ಕೆ ಒಟ್ಟು 1,000 ಮಿ.ಗ್ರಾಂ ಕ್ಯಾಲ್ಸಿಯಂ ದೇಹಕ್ಕೆ ಸೇರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು ಇದೆ. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಆ ಫೈಟೇಟ್ ತಗ್ಗುತ್ತದೆ. ಮಿಕ್ಕಿದ್ದಕ್ಕೆ ಮಾತ್ರೆ. ಮಾತ್ರೆಯ ಹಾಳೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿ.ಗ್ರಾಂ ಎಂದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಾತ್ರ. ಊಟದ ಜೊತೆ ನುಂಗಿ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಹಲ್ಲು ಕೀಳಿಸುವುದು, ಇಂಪ್ಲಾಂಟ್ ಹಾಕಿಸುವುದು ಇದ್ದರೆ ಮೊದಲ ಡೋಸಿಗೆ ಮುಂಚೆ ಮುಗಿಸಿ, ಗಾಯ ಮಾಯಲಿ. ದವಡೆಯ ಮೂಳೆ ಕೊಳೆಯುವ ತೊಂದರೆ ಅಪರೂಪ. ಫ್ರೀಡಂನ ಮುಂದುವರಿದ ಭಾಗದಲ್ಲಿ 10,000 ಜನ ಒಂದು ವರ್ಷ ತೆಗೆದುಕೊಂಡರೆ ಸುಮಾರು 5 ಎಂಬಷ್ಟು. ತೊಡೆಮೂಳೆಯ ನಡುಭಾಗ ಸಣ್ಣ ಪೆಟ್ಟಿಗೇ ಅಡ್ಡ ಸೀಳುವುದು ಅದಕ್ಕಿಂತ ಅಪರೂಪ, ಆದರೆ ವಾರಗಟ್ಟಲೆ ತೊಡೆ ಅಥವಾ ತೊಡೆಸಂದಿ ಮಂದವಾಗಿ ನೋಯುತ್ತಿದ್ದರೆ ಎಕ್ಸ್‌ರೇ ತೆಗೆಸಿ.

ಇನ್ನು ಗಡುವು. ಮಾತ್ರೆಯಾಗಿ ಬರುವ ಅಲೆಂಡ್ರೊನೇಟ್, ಡ್ರಿಪ್ಪಿನಲ್ಲಿ ಹಾಕುವ ಜೊಲೆಡ್ರೊನಿಕ್ ಆಸಿಡ್, ಇವು ಮೂಳೆಯ ಖನಿಜಕ್ಕೇ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ನಿಲ್ಲಿಸಿದರೂ ರಕ್ಷಣೆ ನಿಧಾನವಾಗಿ ಇಳಿಯುತ್ತದೆ. ಡೆನೊಸುಮ್ಯಾಬ್ ಮೂಳೆಗೆ ಅಂಟುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 26 ದಿನಕ್ಕೊಮ್ಮೆ ಅರ್ಧವಾಗುತ್ತ ಆರು ತಿಂಗಳಿಗೆ ತೀರಿಹೋಗುತ್ತದೆ. ಆಗ ತಡೆದಿಟ್ಟ ಅಪ್ಪಣೆಯೆಲ್ಲ ಒಟ್ಟಿಗೆ ಜಾರಿಯಾಗುತ್ತದೆ. ಯಾಕೆ ಅಷ್ಟು ರಭಸ ಎಂಬುದಕ್ಕೆ ಸಿಡ್ನಿಯ ಗಾರ್ವನ್ ಸಂಸ್ಥೆಯ ತಂಡ 2021ರಲ್ಲಿ ಒಂದು ಸುಳಿವು ಕೊಟ್ಟಿತು. ಬದುಕಿರುವ ಇಲಿಯ ಮೂಳೆಯನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಆಸ್ಟಿಯೋಕ್ಲಾಸ್ಟ್‌ಗಳು ಕೆಲಸ ಮುಗಿಸಿ ಸಾಯುವ ಬದಲು ಸಣ್ಣ ಕೋಶಗಳಾಗಿ ಒಡೆದು, ಮತ್ತೆ ಬೆಸೆದುಕೊಳ್ಳುವುದು ಕಂಡಿತು. ಆ ಸಣ್ಣ ಕೋಶಗಳಿಗೆ ಆಸ್ಟಿಯೋಮಾರ್ಫ್ ಎಂದು ಹೆಸರಿಟ್ಟರು. ರ‍್ಯಾಂಕ್‌ಎಲ್ ಅನ್ನು ತಡೆದಾಗ ಇವು ಬೆಸೆಯಲಾರದೆ ಗುಂಪುಗೂಡಿ ಕಾಯುತ್ತಿರುತ್ತವೆ. ತಡೆ ತೆಗೆದ ಕೂಡಲೇ ಒಟ್ಟಿಗೆ ಕೂಡಿಕೊಳ್ಳುತ್ತವೆ. ಮನುಷ್ಯರಲ್ಲೂ ಹೀಗೆಯೇ ಆಗುತ್ತಿರಬಹುದು.

ಪರಿಣಾಮ ಮಾತ್ರ ಖಚಿತ. ನಾಲ್ಕಾರು ವರ್ಷದಲ್ಲಿ ಗಳಿಸಿದ ಸಾಂದ್ರತೆ ಒಂದೆರಡು ವರ್ಷದಲ್ಲಿ ಹೋಗುತ್ತದೆ. ಫ್ರೀಡಂನಲ್ಲಿ ಔಷಧ ನಿಲ್ಲಿಸಿದವರ ಲೆಕ್ಕ ತೆಗೆದಾಗ, ಬೆನ್ನುಮೂಳೆ ಮುರಿತ ವರ್ಷಕ್ಕೆ ನೂರಕ್ಕೆ 1.2 ಇದ್ದದ್ದು 7.1ಕ್ಕೆ ಏರಿತ್ತು. ಮುರಿದವರಲ್ಲಿ ನೂರಕ್ಕೆ 60 ಜನಕ್ಕೆ ಒಂದಲ್ಲ, ಹಲವು ಬೆನ್ನೆಲುಬು ಕುಸಿದಿದ್ದವು. ಈ ಅಪಾಯ ಕೊನೆಯ ಡೋಸಿನಿಂದ ಏಳನೆಯ ತಿಂಗಳಿಗೇ ಶುರುವಾಗುತ್ತದೆ. ಹಾಗಾಗಿ ಜನವರಿ 10ಕ್ಕೆ ಚುಚ್ಚಿಸಿದ್ದರೆ ಜುಲೈ 10. ಆಗಸ್ಟ್ 10 ದಾಟಲೇಕೂಡದು. ಮಗಳ ಮನೆಗೆ ಅಮೆರಿಕಕ್ಕೆ ಆರು ತಿಂಗಳು ಹೊರಟವರು, ಬೇರೆ ಆಪರೇಷನ್ ಆಗಿ ಮಲಗಿದವರು, ಡಾಕ್ಟರು ಊರು ಬಿಟ್ಟು ಹೋದವರು, ಹೀಗೆಯೇ ತಾರೀಕು ತಪ್ಪುವುದು.

ನಿಲ್ಲಿಸಲೇಬೇಕಾದರೆ ದಾರಿಯಿದೆ. ಕೊನೆಯ ಇಂಜೆಕ್ಷನ್ನಿನ ಆರು ತಿಂಗಳಿಗೆ, ಮುಂದಿನ ಡೋಸ್ ಬರಬೇಕಾದ ಹೊತ್ತಿಗೇ, ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ ಡ್ರಿಪ್. ಅದಕ್ಕಿಂತ ಬಹಳ ಮುಂಚೆ ಹಾಕಿದರೆ ಮೂಳೆ ಇನ್ನೂ ಸ್ತಬ್ಧವಾಗಿದ್ದು ಔಷಧವನ್ನು ಹೀರಿಕೊಳ್ಳುವುದಿಲ್ಲ. ಆಮೇಲೆ ಮೂರು ಮತ್ತು ಆರನೆಯ ತಿಂಗಳಲ್ಲಿ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಸಿಟಿಎಕ್ಸ್ ಪರೀಕ್ಷೆ. ಏರಿದ್ದರೆ ಇನ್ನೊಂದು ಡ್ರಿಪ್. ಕಿಡ್ನಿ ರಕ್ತ ಸೋಸುವ ವೇಗ, ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್, ನಿಮಿಷಕ್ಕೆ 35 ಮಿ.ಲೀ.ಗಿಂತ ಕೆಳಗಿದ್ದವರಿಗೆ ಈ ಡ್ರಿಪ್ ಆಗದು. ಅವರು ಡೆನೊಸುಮ್ಯಾಬ್ ಶುರುಮಾಡುವ ಮೊದಲೇ ಹೊರಬರುವ ದಾರಿಯನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಬೇಕು. ಎರಡೂವರೆ ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಒಂದು ಡ್ರಿಪ್ ಎಷ್ಟೋ ಸಲ ಸಾಲುವುದಿಲ್ಲ. ಡೆನೊಸುಮ್ಯಾಬ್ ಬಿಟ್ಟು ನೇರವಾಗಿ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್‌ಗೆ ಹೋಗುವುದು ತಪ್ಪು ಸರದಿ. 2015ರಲ್ಲಿ ಪ್ರಕಟವಾದ ಡೇಟಾ-ಸ್ವಿಚ್ ಅಧ್ಯಯನದಲ್ಲಿ ಹಾಗೆ ಬದಲಾದವರ ಮೂಳೆ ಮೊದಲು ಕರಗಿತು. ಎರಡೂ ಬೇಕಾದವರಿಗೆ ಮೊದಲು ಟೆರಿಪ್ಯಾರಟೈಡ್, ಆಮೇಲೆ ಇದು.

ಯಾರಿಗೆ ಕೊಳ್ಳಿ ಎನ್ನುತ್ತೇವೆ? ಬೆನ್ನುಮೂಳೆ ಈಗಾಗಲೇ ಮುರಿದಿರುವ ವಯಸ್ಸಾದವರಿಗೆ, ಮಾತ್ರೆ ಹೊಟ್ಟೆಗೆ ಒಗ್ಗದವರಿಗೆ, ತಾರೀಕು ನೆನಪಿಟ್ಟು ಕರೆದೊಯ್ಯುವವರು ಮನೆಯಲ್ಲಿರುವವರಿಗೆ. 55ರ ಆಸುಪಾಸಿನ, ಮೂಳೆ ತುಸು ತೆಳುವಾದ, ಎಲ್ಲೂ ಮುರಿಯದ ಮಹಿಳೆಗೆ ಮೊದಲ ಆಯ್ಕೆಯಾಗಿ ಇದನ್ನು ಹೇಳುವುದಿಲ್ಲ. ಅವರಿಗೆ ಅಲೆಂಡ್ರೊನೇಟ್ ವಾರಕ್ಕೆ 70 ಮಿ.ಗ್ರಾಂ ಅಗ್ಗ, ಬೇಕಾದಾಗ ಬಿಡಲೂ ಬರುತ್ತದೆ. ಕೊಂಡವರು ಪ್ರತಿ ಸಲವೂ ಪೆಟ್ಟಿಗೆಯ ಬ್ಯಾಚ್ ನಂಬರಿರುವ ಭಾಗವನ್ನು ಕತ್ತರಿಸಿ, ಚುಚ್ಚಿಸಿದ ತಾರೀಕು ಬರೆದು ಫೈಲಿಗೆ ಅಂಟಿಸಿ, ಮುಂದಿನ ತಾರೀಕನ್ನು ಅದರ ಕೆಳಗೇ ದಪ್ಪಕ್ಷರದಲ್ಲಿ ಬರೆದಿಡಿ.