ಅಡಿಕೆಯ ಎಲೆಚುಕ್ಕಿ ಗುರುತಿಸಲು ನಾಲ್ಕು ದಾರಿ: ಕ್ವಾಂಟಮ್ ಎಷ್ಟು ಕೆಲಸಕ್ಕೆ ಬಂತು?

ಕ್ವಾಂಟಮ್ ಮಷಿನ್ ಲರ್ನಿಂಗ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಿದ್ಯೆಗಳಿವೆ. ಒಂದಕ್ಕೆ ಕ್ವಾಂಟಮ್ ಕಂಪ್ಯೂಟರ್ ಬೇಕು. ಇನ್ನೊಂದಕ್ಕೆ ಬೇಡ. ಅದು ಕ್ವಾಂಟಮ್ ಭೌತಶಾಸ್ತ್ರದವರು ತಮ್ಮ ಕೆಲಸಕ್ಕೆ ಮಾಡಿಟ್ಟುಕೊಂಡ ಲೆಕ್ಕವನ್ನು ಎರವಲು ತಂದು ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಓಡಿಸುತ್ತದೆ. ಸುದ್ದಿಯಲ್ಲಿ ಜಾಸ್ತಿ ಕಾಣುವುದು ಮೊದಲನೆಯದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕೂತು ಎರಡನ್ನೂ ಓಡಿಸಿ ನೋಡಿದಾಗ ಕೈಗೆ ಹತ್ತಿದ್ದು ಎರಡನೆಯದು.

ಪರೀಕ್ಷೆಗೆ ಆರಿಸಿಕೊಂಡಿದ್ದು ಅಡಿಕೆಯ ಎಲೆಚುಕ್ಕಿ ರೋಗ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆಯ ತೋಟದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೋಗೆಯ ಮೇಲೆ ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಅಂಚು. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡರೆ ಸೋಗೆಯೇ ಒಣಗುತ್ತದೆ. ಮುಖ್ಯವಾಗಿ ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರದ ಕಾಟ ಇದು. ಮಳೆ, ತೇವ ಇದ್ದಷ್ಟೂ ಬೇಗ ಹರಡುತ್ತದೆ. ಆದರೆ ಮಲೆನಾಡಿನ ಸೋಗೆ ಮೇಲೆ ಬೇರೆ ಕಲೆಗಳಿಗೂ ಬರವಿಲ್ಲ. ಬಿಸಿಲಿಗೆ ಸುಟ್ಟಿದ್ದು, ಪಾಚಿ ಕಟ್ಟಿದ್ದು, ಗೊಬ್ಬರ ಸಾಲದೆ ಹಳದಿಯಾಗಿದ್ದು, ಎಲ್ಲಾ ಇರುತ್ತವೆ. ಫೋನಿನಲ್ಲಿ ತೆಗೆದ ಫೋಟೊ ನೋಡಿ 'ರೋಗ ಇದೆ' ಅಥವಾ 'ಇಲ್ಲ' ಅಂತ ಹೇಳಬೇಕು. ಇಷ್ಟೇ ಪ್ರಶ್ನೆ. ಉತ್ತರ ಎರಡೇ ಆಗಿರುವುದರಿಂದ ಕ್ವಾಂಟಮ್ ವಿಧಾನಗಳಿಗೂ ಇದು ಸಲೀಸು.

ಸ್ಪರ್ಧೆಗೆ ಇಳಿದವರು ನಾಲ್ವರು. ಮೊದಲನೆಯದು ಮಾಮೂಲಿ ಎಸ್‌ವಿಎಂ, ಅಂದರೆ ಎರಡು ಗುಂಪುಗಳ ನಡುವೆ ಗೆರೆ ಎಳೆಯಲು ಕಲಿಯುವ ಹಳೆಯ ವಿಧಾನ. ಎರಡನೆಯದು ಅದೇ ಎಸ್‌ವಿಎಂಗೆ ಕ್ವಾಂಟಮ್ ಕರ್ನಲ್ ಜೋಡಿಸಿದ್ದು, ಐಬಿಎಂನ ಕಿಸ್ಕಿಟ್ ಅನ್ನುವ ಕ್ವಾಂಟಮ್ ತಂತ್ರಾಂಶ ಬಳಸಿ. ಮೂರನೆಯದು ಪೆನ್ನಿಲೇನ್ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಕಟ್ಟಿದ ವೇರಿಯೇಷನಲ್ ಸರ್ಕ್ಯೂಟ್. ನಾಲ್ಕನೆಯದು ಟೆನ್ಸರ್ ನೆಟ್‌ವರ್ಕ್. ಕ್ವಾಂಟಮ್ ಕಂಪ್ಯೂಟರ್ ಬೇಡದ ಆ ಎರಡನೆಯ ವಿದ್ಯೆ ಇದೇ. ಒಂದು ನಿಯಮ ಹಾಕಿಕೊಂಡಿದ್ದೆ: ಒಂದು ವಿಧಾನವನ್ನು ತಿದ್ದಿ ತೀಡಲು ಎಷ್ಟು ಹೊತ್ತು ಕೊಡುತ್ತೇನೋ ಉಳಿದವಕ್ಕೂ ಅಷ್ಟೇ. ಕ್ವಾಂಟಮ್ ಮಾದರಿಗೆ ವಾರಗಟ್ಟಲೆ ಮುದ್ದು ಮಾಡಿ, ಎಸ್‌ವಿಎಂ ಅನ್ನು ಪೆಟ್ಟಿಗೆಯಿಂದ ತೆಗೆದ ಹಾಗೇ ಓಡಿಸಿ, 'ಕ್ವಾಂಟಮ್ ಗೆದ್ದಿತು' ಅನ್ನುವ ಹೋಲಿಕೆಗಳು ಬೇಕಾದಷ್ಟು ಸಿಗುತ್ತವೆ. ಅಂಥದ್ದು ಇನ್ನೊಂದು ಬೇಡ ಅನ್ನಿಸಿತು.

ಶುರುವಿನಲ್ಲೇ ಒಂದು ತೊಡಕು. ಫೋಟೊದಲ್ಲಿ ಲಕ್ಷಗಟ್ಟಲೆ ಪಿಕ್ಸೆಲ್ ಇರುತ್ತವೆ. ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಘಟಕಕ್ಕೆ ಕ್ಯೂಬಿಟ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ಕ್ಯೂಬಿಟ್‌ಗೆ ಒಂದು ಸಂಖ್ಯೆ ತುಂಬುತ್ತಾರೆ. ನಾನು ಎಂಟು ಕ್ಯೂಬಿಟ್ ಇಟ್ಟುಕೊಂಡೆ. ಹಾಗಾಗಿ ಪ್ರತಿ ಫೋಟೊವನ್ನೂ ಪಿಸಿಎ ಅನ್ನುವ, ಮಾಹಿತಿಯ ಮುಖ್ಯಾಂಶ ಮಾತ್ರ ಉಳಿಸಿಕೊಳ್ಳುವ ವಿಧಾನದಿಂದ ಎಂಟೇ ಸಂಖ್ಯೆಗಳಿಗೆ ಇಳಿಸಬೇಕಾಯಿತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ದೊಡ್ಡಪ್ಪ ಕೇಳಿದರು: "ಎಂತದಾ ಮಾರಾಯ, ಅಷ್ಟುದ್ದದ ಸೋಗೆ ಎಂಟು ನಂಬರಿನೊಳಗೆ ಕೂರ್ತದಾ?" ಕೂರುವುದಿಲ್ಲ. ದೊಡ್ಡಪ್ಪ ಕೈ ಇಟ್ಟಿದ್ದು ಈ ಕ್ಷೇತ್ರದ ದೊಡ್ಡ ಹುಣ್ಣಿನ ಮೇಲೇ. ಹೊರಗಿನ ಮಾಹಿತಿಯನ್ನು ಕ್ವಾಂಟಮ್ ಸ್ಥಿತಿಗೆ ತುಂಬುವುದೇ ಎಷ್ಟೋ ಸಲ ಮುಂದಿನ ಲೆಕ್ಕಕ್ಕಿಂತ ದುಬಾರಿ.

ಎಂಟು ಸಂಖ್ಯೆಗಳನ್ನು ಕೊಟ್ಟರೆ ಎಸ್‌ವಿಎಂ ಕಣ್ಣು ಮಿಟುಕಿಸುವುದರೊಳಗೆ ಕಲಿತು ಮುಗಿಸಿತು. ಪಾಚಿಯನ್ನು ಚುಕ್ಕಿ ಅಂದುಕೊಂಡಿದ್ದು ಬಿಟ್ಟರೆ ದೂರುವಂಥದ್ದು ಇಲ್ಲ. ಎಂಟರ ಬದಲು ಇನ್ನೂ ಜಾಸ್ತಿ ಸಂಖ್ಯೆ ಕೊಟ್ಟಾಗ ಪಾಚಿಯ ಗೊಂದಲವೂ ಕಡಿಮೆಯಾಯಿತು. ಇದರ ಬಗ್ಗೆ ಇಷ್ಟು ಸಾಕು.

ಕ್ವಾಂಟಮ್ ಕರ್ನಲ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕರ್ನಲ್ ಅಂದರೆ ಎರಡು ಫೋಟೊ ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂತ ಹೇಳುವ ಒಂದು ಅಂಕ. ಕ್ವಾಂಟಮ್‌ನಲ್ಲಿ ಇದನ್ನು ಅಳೆಯುವ ರೀತಿ ನಿಜಕ್ಕೂ ಚಂದ. ಮೊದಲ ಫೋಟೊದ ಎಂಟು ಸಂಖ್ಯೆಗಳಷ್ಟು ಕೋನಕ್ಕೆ ಕ್ಯೂಬಿಟ್‌ಗಳನ್ನು ತಿರುಗಿಸಿ, ಒಂದಕ್ಕೊಂದು ಹೆಣೆಯುತ್ತೀರಿ (ಎಂಟ್ಯಾಂಗಲ್‌ಮೆಂಟ್). ಇಂಥ ಒಂದೊಂದು ಹೆಜ್ಜೆಗೆ ಗೇಟ್, ಹೆಜ್ಜೆಗಳ ಸಾಲಿಗೆ ಸರ್ಕ್ಯೂಟ್ ಅನ್ನುತ್ತಾರೆ. ಆಮೇಲೆ ಎರಡನೆಯ ಫೋಟೊದ ಸರ್ಕ್ಯೂಟನ್ನು ಹಿಂದುಮುಂದಾಗಿ ಓಡಿಸುತ್ತೀರಿ. ಎರಡೂ ಒಂದೇ ಆಗಿದ್ದರೆ ಮಾಡಿದ್ದೆಲ್ಲಾ ಬಿಚ್ಚಿಕೊಂಡು ಎಲ್ಲ ಕ್ಯೂಬಿಟ್‌ಗಳೂ ಸೊನ್ನೆಗೆ ವಾಪಸ್ ಬರುತ್ತವೆ. ಎಷ್ಟು ಸಲ ಎಲ್ಲವೂ ಸೊನ್ನೆ ಬಂತು ಅಂತ ಎಣಿಸಿದರೆ ಅದೇ ಹೋಲಿಕೆಯ ಅಂಕ.

2019ರಲ್ಲಿ ಐಬಿಎಂ ತಂಡ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ ಮೇಲೆ ಎಲ್ಲರೂ ಇದರ ಹಿಂದೆ ಬಿದ್ದರು. ಆ ಪ್ರಯೋಗದಲ್ಲಿ ಬಳಸಿದ್ದು ಎರಡು ಕ್ಯೂಬಿಟ್. ವರ್ಗೀಕರಿಸಿದ ಮಾಹಿತಿಯನ್ನೂ ಅದೇ ಥರದ ಸರ್ಕ್ಯೂಟ್‌ನಿಂದಲೇ ಹುಟ್ಟಿಸಿದ್ದರು. ಪ್ರಶ್ನೆಪತ್ರಿಕೆ ಮಾಡಿದವರೇ ಪರೀಕ್ಷೆ ಬರೆದ ಹಾಗೆ, ಅಲ್ವಾ? ಅವರು ಅದನ್ನೇನೂ ಮುಚ್ಚಿಟ್ಟಿರಲಿಲ್ಲ. 2021ರಲ್ಲಿ ಇನ್ನೊಂದು ತಂಡ ಕ್ವಾಂಟಮ್ ಕರ್ನಲ್ ಮಾಮೂಲಿ ವಿಧಾನಗಳನ್ನು ಖಂಡಿತ ಮೀರಿಸುತ್ತದೆ ಅಂತ ಗಣಿತದಲ್ಲೇ ತೋರಿಸಿತು. ಆದರೆ ಅದಕ್ಕೆ ಗುಪ್ತಲಿಪಿಯಲ್ಲಿ ಬಳಸುವ ಡಿಸ್ಕ್ರೀಟ್ ಲಾಗರಿದಮ್ ಅನ್ನುವ ಕಷ್ಟದ ಲೆಕ್ಕದ ಮೇಲೆ ಮಾಹಿತಿಯನ್ನು ಕಟ್ಟಿತ್ತು. ಸೋಗೆ ಮೇಲಿನ ಚುಕ್ಕಿಯೊಳಗೆ ಅಂಥ ಗುಟ್ಟೇನೂ ಇಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದು ಹೀಗೆ. ಕಿಸ್ಕಿಟ್‌ನ ಹೆಸರುವಾಸಿ ಜೆಡ್‌ಜೆಡ್ ಫೀಚರ್ ಮ್ಯಾಪನ್ನು, ಅಂದರೆ ಸಂಖ್ಯೆಗಳನ್ನು ಕ್ಯೂಬಿಟ್‌ಗಳಿಗೆ ತುಂಬುವ ಸಿದ್ಧ ಸರ್ಕ್ಯೂಟನ್ನು, ಹಾಗೇ ಬಳಸಿದರೆ, ಕಲಿಸಿದ ಫೋಟೊಗಳೆಲ್ಲಾ ಸರಿ, ಹೊಸ ಫೋಟೊ ತೋರಿಸಿದರೆ ನಾಣ್ಯ ಚಿಮ್ಮಿದಷ್ಟೇ ನಂಬಿಕೆ. ಕರ್ನಲ್‌ನ ಕೋಷ್ಟಕ ತೆರೆದು ನೋಡಿದಾಗ ಕಾರಣ ಎದ್ದು ಕಂಡಿತು. ಪ್ರತಿ ಫೋಟೊ ತನ್ನನ್ನು ತಾನು ಮಾತ್ರ ಹೋಲುತ್ತಿತ್ತು. ಬೇರೆ ಯಾವುದರ ಜೊತೆ ಇಟ್ಟರೂ ಅಂಕ ಹೆಚ್ಚುಕಡಿಮೆ ಸೊನ್ನೆ. ಕ್ಯೂಬಿಟ್ ಜಾಸ್ತಿಯಾದಂತೆ ಜಾಗ ಎಷ್ಟು ದೊಡ್ಡದಾಗುತ್ತದೆಂದರೆ, ಅದರೊಳಗೆ ಯಾರಿಗೆ ಯಾರೂ ಹತ್ತಿರ ಇರುವುದಿಲ್ಲ. ಸಂಶೋಧಕರಿಗೆ ಇದು ಗೊತ್ತಿರುವ ಕಾಯಿಲೆ. ಮದ್ದೂ ಇದೆ: ಕ್ಯೂಬಿಟ್ ತಿರುಗಿಸುವ ಕೋನಗಳನ್ನು ಕುಗ್ಗಿಸಬೇಕು. ಕುಗ್ಗಿಸಿದೆ. ತಕ್ಷಣ ಫಲಿತಾಂಶ ಸುಧಾರಿಸಿ ಎಸ್‌ವಿಎಂ ಪಕ್ಕಕ್ಕೆ ಬಂದು ನಿಂತಿತು. ಆದರೆ ಎರಡರ ಕೋಷ್ಟಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಕ್ವಾಂಟಮ್ ಕರ್ನಲ್ ಚೆನ್ನಾಗಿ ಕೆಲಸ ಮಾಡತೊಡಗಿದಷ್ಟೂ ಎಸ್‌ವಿಎಂ ಜೊತೆ ಬಳಸುವ ಮಾಮೂಲಿ ಆರ್‌ಬಿಎಫ್ ಕರ್ನಲ್‌ನ ಥರವೇ ಕಾಣುತ್ತಿತ್ತು! ಹಾಗಾದರೆ ಇಷ್ಟೆಲ್ಲಾ ಸುತ್ತು ಬಳಸಿ ಹೋಗಿದ್ದು ಯಾಕೆ?

ಇದೆಲ್ಲಾ ಸಿಮ್ಯುಲೇಟರ್ ಮೇಲೆ, ಅಂದರೆ ಕ್ವಾಂಟಮ್ ಯಂತ್ರವನ್ನು ಅನುಕರಿಸುವ ತಂತ್ರಾಂಶದ ಮೇಲೆ. ಎಂಟು ಕ್ಯೂಬಿಟ್ ಅಂದರೆ ಬರೀ 256 ಸಂಖ್ಯೆಗಳು, ಲ್ಯಾಪ್‌ಟಾಪ್‌ಗೆ ಏನೇನೂ ಅಲ್ಲ. ಮೂವತ್ತು ಕ್ಯೂಬಿಟ್‌ಗೆ 16 ಜಿಬಿ ಮೆಮೊರಿ ಬೇಕು. ಆಮೇಲೆ ಒಂದೊಂದು ಕ್ಯೂಬಿಟ್ ಸೇರಿಸಿದಾಗಲೂ ಅದು ದುಪ್ಪಟ್ಟಾಗುತ್ತದೆ. ಅಸಲಿ ಯಂತ್ರದ ಕಥೆ ಬೇರೆ. ಐನೂರು ಫೋಟೊ ಇದ್ದರೆ 1,24,750 ಜೋಡಿಗಳಾಗುತ್ತವೆ. ಒಂದೊಂದು ಜೋಡಿಯನ್ನೂ 1,024 ಸಲ ಓಡಿಸಿ ಎಣಿಸುವುದಾದರೆ ಸುಮಾರು 12.8 ಕೋಟಿ ಓಟ. ಐಬಿಎಂ ಪುಕ್ಕಟೆ ಕೊಡುವುದು ತಿಂಗಳಿಗೆ ಹತ್ತು ನಿಮಿಷ. ಹಾಗಾಗಿ ಕೆಲವೇ ಜೋಡಿಗಳನ್ನು ಕಳಿಸಿ, ಸರದಿಯಲ್ಲಿ ಕಾದು ನೋಡಿದೆ. ಒಂದು ಫೋಟೊವನ್ನು ಅದರ ಜೊತೆಗೇ ಹೋಲಿಸಿದರೆ ಅಂಕ ಸರಿಯಾಗಿ ಒಂದು ಬರಬೇಕು. ಯಂತ್ರದ ಗದ್ದಲದಿಂದಾಗಿ ಅದೂ ಒಂದು ಬರಲಿಲ್ಲ. ಇಂಥದ್ದನ್ನು ಕಣ್ಣಾರೆ ನೋಡಲು ಆ ಹತ್ತು ನಿಮಿಷ ಖಂಡಿತ ಉಪಯೋಗ. ರೋಗ ಗುರುತಿಸಲು ಅಲ್ಲ.

ವೇರಿಯೇಷನಲ್ ಸರ್ಕ್ಯೂಟ್ ಅಂದರೆ ಕ್ವಾಂಟಮ್ ಲೋಕದ ನ್ಯೂರಲ್ ನೆಟ್‌ವರ್ಕ್ ಅಂದುಕೊಳ್ಳಿ. ಗೇಟ್‌ಗಳ ಕೋನಗಳೇ ಇಲ್ಲಿ ಕಲಿಯುವ ಅಂಶಗಳು. ಬರೆಯುವುದಕ್ಕೆ ಪೆನ್ನಿಲೇನ್ ಬಹಳ ಖುಷಿ ಕೊಡುತ್ತದೆ, ಕಿಸ್ಕಿಟ್‌ಗಿಂತ ಬೇಗ ಕೈಗೆ ಹತ್ತುತ್ತದೆ. ಕಲಿಸುವುದು ಮಾತ್ರ ಸುಲಭವಲ್ಲ. ಎಂಟು ಕ್ಯೂಬಿಟ್, ಮೂರು ಪದರ, ಪ್ರತಿ ಕ್ಯೂಬಿಟ್‌ಗೆ ಮೂರು ಕೋನ ಅಂದರೆ 72 ಅಂಶ. ಅಸಲಿ ಯಂತ್ರದಲ್ಲಿ ಯಾವ ಕೋನವನ್ನು ಯಾವ ಕಡೆ ತಿರುಗಿಸಬೇಕು ಅಂತ ತಿಳಿಯಲು ಪ್ರತಿ ಅಂಶಕ್ಕೂ ಎರಡೆರಡು ಸಲ ಸರ್ಕ್ಯೂಟ್ ಓಡಿಸಬೇಕು. ಅಂದರೆ ಒಂದು ಫೋಟೊಗೆ, ಒಂದು ಹೆಜ್ಜೆಗೆ, 144 ಬೇರೆ ಬೇರೆ ಸರ್ಕ್ಯೂಟ್. ಅದರ ಮೇಲೆ ಇನ್ನೊಂದು ಗಂಡಾಂತರ. ತಪ್ಪು ಕಡಿಮೆಯಾಗುವ ದಿಕ್ಕನ್ನು ಇಳಿಜಾರು ಅಂದುಕೊಳ್ಳಿ. ಕ್ಯೂಬಿಟ್ ಹೆಚ್ಚಿದಂತೆ ಆ ಇಳಿಜಾರೇ ಕಾಣದಾಗುತ್ತದೆ, ಎಲ್ಲಾ ಕಡೆ ಸಪಾಟು. 2018ರಲ್ಲಿ ಗೂಗಲ್‌ನ ಸಂಶೋಧಕರು ಇದನ್ನು ತೋರಿಸಿಕೊಟ್ಟು 'ಬ್ಯಾರನ್ ಪ್ಲಾಟೊ' ಅಂತ ಹೆಸರಿಟ್ಟರು. ಎಂಟು ಕ್ಯೂಬಿಟ್‌ಗೆ ನನಗೆ ಅಷ್ಟು ಕಾಟ ಆಗಲಿಲ್ಲ. ಎಸ್‌ವಿಎಂಗಿಂತ ಸ್ವಲ್ಪ ಹಿಂದೆಯೇ ಉಳಿಯಿತು, ಅಷ್ಟೇ.

ಆಮೇಲೆ ಸುಮ್ನೆ ಕುತೂಹಲಕ್ಕೆ ಒಂದು ಕೆಲಸ ಮಾಡಿದೆ. ಕ್ಯೂಬಿಟ್‌ಗಳನ್ನು ಒಂದಕ್ಕೊಂದು ಹೆಣೆಯುವ ಗೇಟ್‌ಗಳನ್ನೆಲ್ಲಾ ಕಿತ್ತುಹಾಕಿದೆ. ಅಂದರೆ ಕ್ವಾಂಟಮ್‌ನ ಜೀವಾಳವನ್ನೇ ತೆಗೆದ ಹಾಗೆ. ಫಲಿತಾಂಶದಲ್ಲಿ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ನನ್ನ ಪುಟ್ಟ ಪ್ರಯೋಗವನ್ನು ಬಿಡಿ. ಪೆನ್ನಿಲೇನ್ ತಯಾರಿಸುವ ಕೆನಡಾದ ಕ್ಸನಾಡು ಕಂಪನಿಯ ಜೋಸೆಫ್ ಬೌಲ್ಸ್, ಶಾನವಾಜ್ ಅಹ್ಮದ್, ಮರಿಯಾ ಶುಲ್ಡ್ 2024ರಲ್ಲಿ 12 ಕ್ವಾಂಟಮ್ ಮಾದರಿಗಳನ್ನು 160 ಮಾಹಿತಿ ಗುಂಪುಗಳ ಮೇಲೆ ಓಡಿಸಿ ನೋಡಿದರು. ಒಟ್ಟಾರೆ ಮೇಲುಗೈ ಮಾಮೂಲಿ ಮಾದರಿಗಳದೇ ಆಯಿತು. ಹೆಣಿಗೆ ತೆಗೆದರೂ ಎಷ್ಟೋ ಕಡೆ ಫಲಿತಾಂಶ ಹಾಗೇ ಇತ್ತು, ಕೆಲವು ಕಡೆ ಸುಧಾರಿಸಿತು ಕೂಡ. ತಾವೇ ಕಟ್ಟುವ ಸಾಮಾನಿನ ಬಗ್ಗೆ ಹೀಗೆ ನೇರವಾಗಿ ಬರೆದಿದ್ದಕ್ಕೆ ಅವರ ಮೇಲೆ ಗೌರವ ಬರುತ್ತದೆ.

ಇನ್ನು ಟೆನ್ಸರ್ ನೆಟ್‌ವರ್ಕ್. ಇದರ ಬೇರು 1992ರಲ್ಲಿದೆ. ಸಾಲಾಗಿ ನಿಂತ ಕ್ವಾಂಟಮ್ ಕಣಗಳ ಸ್ಥಿತಿಯನ್ನು ಲೆಕ್ಕ ಹಾಕಲು ಭೌತವಿಜ್ಞಾನಿ ಸ್ಟೀವನ್ ವೈಟ್ ಕಂಡುಕೊಂಡ ಡಿಎಂಆರ್‌ಜಿ ವಿಧಾನದಿಂದ ಬೆಳೆದಿದ್ದು. ನೂರು ಕಣಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು ಯಾವ ಕಂಪ್ಯೂಟರ್‌ಗೂ ಆಗುವುದಿಲ್ಲ. ಆದರೆ ಕಣಗಳ ನಡುವಿನ ಹೆಣಿಗೆ ಮಿತವಾಗಿದ್ದರೆ, ಸಣ್ಣ ಸಣ್ಣ ಮ್ಯಾಟ್ರಿಕ್ಸ್‌ಗಳ, ಅಂದರೆ ಸಂಖ್ಯೆಗಳ ಕೋಷ್ಟಕಗಳ, ಸರಪಳಿಯಲ್ಲಿ ಅದನ್ನು ಹಿಡಿದಿಡಬಹುದು. 2016ರಲ್ಲಿ ಮೈಲ್ಸ್ ಸ್ಟೌಡೆನ್‌ಮೈರ್ ಮತ್ತು ಡೇವಿಡ್ ಶ್ವಾಬ್ ಇದೇ ಸರಪಳಿಯನ್ನು ಕೈಬರಹದ ಅಂಕಿಗಳನ್ನು ಗುರುತಿಸಲು ಬಳಸಿದರು. 14×14 ಪಿಕ್ಸೆಲ್, ಅಂದರೆ 196 ಪಿಕ್ಸೆಲ್. ಪೂರ್ತಿ ಬರೆದರೆ ಅಂಶಗಳ ಲೆಕ್ಕವೇ 60 ಅಂಕಿಗಳಷ್ಟು ಉದ್ದದ ಸಂಖ್ಯೆ. ಸರಪಳಿಯಲ್ಲಿ ಅದು ಲ್ಯಾಪ್‌ಟಾಪ್‌ಗೆ ಹಿಡಿಸುವಷ್ಟಕ್ಕೆ ಇಳಿಯಿತು. ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ.

ನಾನು ಸೋಗೆಯ ಫೋಟೊದಿಂದ 32×32 ತುಂಡುಗಳನ್ನು ಕತ್ತರಿಸಿ, ಪ್ರತಿ ಪಿಕ್ಸೆಲ್‌ನಲ್ಲಿ ಹಸಿರು ಎಷ್ಟು ಕಮ್ಮಿ ಅನ್ನುವ ಒಂದೇ ಸಂಖ್ಯೆ ಇಟ್ಟುಕೊಂಡೆ. ಎಂಟಕ್ಕೆ ಇಳಿಸುವ ಗೋಜಿಲ್ಲ. 1,024 ಪಿಕ್ಸೆಲ್‌ಗಳೂ ಒಳಗೆ ಹೋದವು. ತೊಂದರೆ ಇಲ್ಲ ಅಂತಲ್ಲ. ಚಿತ್ರವನ್ನು ಒಂದೇ ಸಾಲಾಗಿ ಬಿಚ್ಚಿದರೆ, ಮೇಲೆ ಕೆಳಗೆ ಅಂಟಿಕೊಂಡಿದ್ದ ಪಿಕ್ಸೆಲ್‌ಗಳು ದೂರದೂರ ಹೋಗಿಬಿಡುತ್ತವೆ. ಸಾವಿರ ಮ್ಯಾಟ್ರಿಕ್ಸ್ ಗುಣಿಸುವಾಗ ಸಂಖ್ಯೆಗಳು ಸೊನ್ನೆಗೆ ಕುಸಿಯುತ್ತವೆ, ಇಲ್ಲವೇ ಮಿತಿ ಮೀರಿ ಉಬ್ಬುತ್ತವೆ. ಹೆಜ್ಜೆಹೆಜ್ಜೆಗೂ ಸರಿದೂಗಿಸಬೇಕು. ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟರೆ ರಾತ್ರಿಯೆಲ್ಲಾ ಓಡಿದ ಲೆಕ್ಕ ಮಧ್ಯದಲ್ಲೇ ನಿಲ್ಲುತ್ತದೆ, ಆಗಾಗ ಉಳಿಸಿಡುವುದು ಒಳ್ಳೆಯದು. ಇಷ್ಟಾಗಿಯೂ ಪಾಚಿ ಮತ್ತು ಚುಕ್ಕಿಯನ್ನು ಬೇರೆ ಮಾಡುವುದರಲ್ಲಿ ಎರಡೂ ಕ್ವಾಂಟಮ್ ಮಾದರಿಗಳಿಗಿಂತ ಇದೇ ಮೇಲು. ನನಗೆ ಹಿಡಿಸಿದ್ದು ಇನ್ನೊಂದು ಗುಣ. ಸರಪಳಿಯ ಕೊಂಡಿ ಎಷ್ಟು ದಪ್ಪ, ಅಂದರೆ ಮ್ಯಾಟ್ರಿಕ್ಸ್ ಎಷ್ಟು ದೊಡ್ಡದು, ಇರಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಎಲ್ಲಿ ತೆಳುವಾಗಿಸಿದರೆ ನಷ್ಟವಿಲ್ಲ ಅಂತ ಕಣ್ಣಿಗೇ ಕಾಣುತ್ತದೆ.

ಕೊನೆಗೆ ಫೋನಿಗೆ ಹಾಕಿಕೊಂಡಿದ್ದು ಈ ನಾಲ್ಕರಲ್ಲಿ ಯಾವುದೂ ಅಲ್ಲ, ಒಂದು ಬೆರಕೆ. ಮಾಮೂಲಿ ನ್ಯೂರಲ್ ನೆಟ್‌ವರ್ಕ್, ಅದರ ದಪ್ಪ ಪದರವನ್ನು ಮಾತ್ರ ಟೆನ್ಸರ್ ಸರಪಳಿಯಾಗಿ ಕುಗ್ಗಿಸಿದ್ದು. 2015ರಿಂದಲೇ ಈ ತಂತ್ರ ಇದೆ. ಆಗ ಒಂದು ದೊಡ್ಡ ನೆಟ್‌ವರ್ಕ್‌ನ ಒಂದು ಪದರವನ್ನು ಎರಡು ಲಕ್ಷ ಪಟ್ಟು ಕುಗ್ಗಿಸಿದ್ದರು. ಇಡೀ ನೆಟ್‌ವರ್ಕ್ ಕುಗ್ಗಿದ್ದು 7 ಪಟ್ಟು. ಜಾಹೀರಾತಿನವರು ಮೊದಲ ಸಂಖ್ಯೆ ಹೇಳುತ್ತಾರೆ, ನೀವು ಎರಡನೆಯದನ್ನು ಕೇಳಿ. ಸಿಗ್ನಲ್ ಸಿಗದ ತೋಟದ ಮೂಲೆಯಲ್ಲಿ ಮಾದರಿ ಫೋನಿನೊಳಗೇ ಓಡಬೇಕಾದರೆ ಆ 7 ಪಟ್ಟು ಕೂಡ ದೊಡ್ಡದೇ. ದೊಡ್ಡಪ್ಪ ಈಗ ಅದನ್ನು ಹಿಡಿದು ತೋಟ ಸುತ್ತುತ್ತಾರೆ. ಒದ್ದೆ ಸೋಗೆ ಹೊಳೆದರೆ ಅದು ಇನ್ನೂ ಗಲಿಬಿಲಿಯಾಗುತ್ತದೆ.

ಹಾಗಂತ ಕ್ವಾಂಟಮ್ ಯಂತ್ರಕ್ಕೆ ಕಲಿಯುವ ಕೆಲಸವೇ ಇಲ್ಲ ಅನ್ನುವಂತಿಲ್ಲ. 2022ರಲ್ಲಿ ಗೂಗಲ್‌ನ ಯಂತ್ರದ 40 ಕ್ಯೂಬಿಟ್‌ಗಳವರೆಗೆ ಬಳಸಿ ಮಾಡಿದ ಪ್ರಯೋಗದಲ್ಲಿ, ಕ್ವಾಂಟಮ್ ಸ್ಥಿತಿಗಳ ಗುಣವನ್ನು ತುಂಬಾ ಕಡಿಮೆ ಅಳತೆಗಳಿಂದ ಕಲಿಯಬಹುದು ಅಂತ ಕಂಡುಬಂತು. ಅಲ್ಲಿ ಮಾಹಿತಿ ಹುಟ್ಟುವುದೇ ಕ್ವಾಂಟಮ್ ಆಗಿ. ಅಣು, ಹೊಸ ವಸ್ತುಗಳ ಮೇಲೆ ಕೆಲಸ ಮಾಡುವವರು ಈ ಕಡೆ ಕಣ್ಣಿಡಬೇಕು. ಫೋಟೊ, ಅಡಿಕೆ ಧಾರಣೆ, ಮಳೆ ಲೆಕ್ಕ ಇಟ್ಟುಕೊಂಡವರಿಗೆ ಎಸ್‌ವಿಎಂ ಸಾಕು. ಮಾದರಿ ದಪ್ಪ ಆಯಿತು ಅನ್ನಿಸಿದರೆ ಟೆನ್ಸರ್.

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಾ ಪ್ರಾಜೆಕ್ಟ್ ಹುಡುಕುತ್ತಿದ್ದರೆ ಪೆನ್ನಿಲೇನ್‌ನಿಂದ ಶುರು ಮಾಡಿ, ಸಿಮ್ಯುಲೇಟರ್ ಮೇಲೆ. ಪಕ್ಕದಲ್ಲಿ ಎಸ್‌ವಿಎಂ ಓಡುತ್ತಿರಲಿ. ಹೆಣಿಗೆ ತೆಗೆದೂ ಒಮ್ಮೆ ಓಡಿಸಿ, ಆ ಫಲಿತಾಂಶವನ್ನೂ ವರದಿಯಲ್ಲಿ ಹಾಕಿ. ಐಬಿಎಂನ ಹತ್ತು ನಿಮಿಷವನ್ನು ಕೊನೆಗೆ ಇಟ್ಟುಕೊಂಡು, ಒಂದೇ ಫೋಟೊವನ್ನು ಅದರ ಜೊತೆಗೇ ಹೋಲಿಸಿ ನೋಡಿ.