ಬ್ರೇಕ್ ಆಯಿಲ್ ಕಡಿಮೆಯಾಗ್ತಿದ್ರೆ ಮೊದಲು ಹಿಂದಿನ ಚಕ್ರ ಬಿಚ್ಚಿಸಿ, ಆಮೇಲೆ ದುಡ್ಡು ಕೊಡಿ

ಹಾಸನದ ಕಡೆಯವರು, ಅದರಲ್ಲೂ ಹದಿನೈದು ಇಪ್ಪತ್ತು ವರ್ಷ ಹಳೆಯ ಕಾರು ಇಟ್ಟುಕೊಂಡವರು, ದಯವಿಟ್ಟು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯುವವರೆಗೆ ಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಆದರೆ ಇಂಥ ಕೆಲಸ ಯಾವ ಊರಲ್ಲೂ ನಡೆಯಬಹುದು. ಎ.ಸಿ. ಕೆಟ್ಟರೆ ಬೆವರಿಕೊಂಡು ಹೋಗ್ತೀವಿ. ಇದು ಬ್ರೇಕ್ ಸ್ವಾಮಿ, ಬ್ರೇಕ್!

ನಮ್ಮದು 2003ರ ಮಾರುತಿ ಝೆನ್ ಕಾರು. ಅಪ್ಪನ ಕಾಲದ ಗಾಡಿ, ಇಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ್ದರೂ ತಿರುವುಗಳಲ್ಲಿ ಕೆಂಪು ದೀಪ ಬಂದು ಬಂದು ಹೋಗುತ್ತಿತ್ತು. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗಿದೆ. ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಸವೆದ ಹಾಗೆ ಎಣ್ಣೆ ನಿಧಾನಕ್ಕೆ ಇಳಿಯೋದು ಸಹಜ, ಅದು ತಿಂಗಳುಗಟ್ಟಲೆ ಆಗೋ ಮಾತು. ನಾನು ಮೇಲಿನ ಗೆರೆವರೆಗೆ ತುಂಬಿಸಿದ್ದು ವಾರದೊಳಗೆ ಮತ್ತೆ ಅಲ್ಲಿಗೇ ಬಂದಿತ್ತು. ಸೋರಿಕೆ ಅಂತ ಖಾತ್ರಿ ಆಯ್ತು. ಸರಿ, ಬೈಪಾಸ್ ಕಡೆ ಇರೋ, ಬೋರ್ಡು ಗೀರ್ಡು ಎಲ್ಲ ದೊಡ್ಡದಾಗಿ ಹಾಕಿಕೊಂಡ ಒಂದು ಗ್ಯಾರೇಜಿಗೆ ಹೋದೆ.

ಓನರ್ರು ಬಂದರು, ಸೀಟಿನ ಮೇಲೆ ಕೂರಲೂ ಇಲ್ಲ, ಹೊರಗೆ ನಿಂತೇ ಒಂದು ಕಾಲು ಒಳಗಿಟ್ಟು ಪೆಡಲ್ ಒತ್ತಿದರು. "ಮಾಸ್ಟರ್ ಸಿಲಿಂಡರ್ ಹೋಗಿದೆ ಸಾರ್, ನೂರಕ್ಕೆ ನೂರು." ಪೆಡಲ್ ಒತ್ತಿದಾಗ ಎಣ್ಣೆಯನ್ನ ಚಕ್ರಗಳ ಕಡೆ ತಳ್ಳೋ, ಬಾನೆಟ್ ಒಳಗಿನ ಭಾಗ ಅದು. ಚಕ್ರದ ಹತ್ತಿರ ಎಲ್ಲೂ ಬಗ್ಗಿ ನೋಡಿಲ್ಲ. ಚಕ್ರದಲ್ಲಿ ಸೋರ್ತಿರಬಹುದಾ ಅಂತ ನಾನೇ ಕೇಳಿದೆ. "ಎಲ್ಲಾ ಬಿಚ್ಚಿ ನೋಡ್ತೀವಿ ಸಾರ್, ನೀವು ಟೆನ್ಶನ್ ತಗೋಬೇಡಿ, ಸಂಜೆ ಬನ್ನಿ."

ಸಂಜೆ ಬಿಲ್ 6,400 ರೂಪಾಯಿ. ಹೊಸ ಮಾಸ್ಟರ್ ಸಿಲಿಂಡರ್, ಬ್ರೇಕ್ ಆಯಿಲ್, ಆಮೇಲೆ ಕೈಬರಹದಲ್ಲಿ ಒಂದು ಸಾಲು: "ನಾಲ್ಕು ವೀಲ್ ಬಿಚ್ಚಿ ಕ್ಲೀನ್, ಏರ್ ತೆಗೆದಿದ್ದು." ಈ ಸಾಲು ನೆನಪಿಟ್ಟುಕೊಳ್ಳಿ. ಏರ್ ತೆಗೆಯೋದು ಅಂದ್ರೆ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿಯನ್ನ, ಚಕ್ರದ ಹತ್ತಿರ ಇರೋ ನಿಪ್ಪಲ್ ಸಡಿಲಿಸಿ ಹೊರಗೆ ಬಿಡೋದು. ಹಳೇ ಸಿಲಿಂಡರ್ ಕೊಡಿ ಅಂದರೆ, "ಗುಜರಿಯವನು ಈಗಷ್ಟೇ ತಗೊಂಡು ಹೋದ ಸಾರ್." ಎಲ್ಲರ ಗುಜರಿಯವನೂ ನಾವು ಬರೋ ಐದು ನಿಮಿಷ ಮುಂಚೆಯೇ ಯಾಕೆ ಬರ್ತಾನೋ ಗೊತ್ತಿಲ್ಲ.

ನಾಲ್ಕು ದಿನ ಪೆಡಲ್ ಚೆನ್ನಾಗಿತ್ತು. ಇರಲೇಬೇಕಲ್ಲ, ಎಣ್ಣೆ ತುಂಬಿಸಿ ಏರ್ ತೆಗೆದರೆ ಎಂಥ ಸೋರೋ ಗಾಡಿಯಲ್ಲೂ ನಾಲ್ಕು ದಿನ ಚೆನ್ನಾಗಿರುತ್ತೆ. ಆಮೇಲೆ ಮತ್ತೆ ಅದೇ ಕೆಂಪು ದೀಪ. ಫೋನ್ ಮಾಡಿದೆ. ಅವರು ಕೊಟ್ಟ ಉತ್ತರಗಳನ್ನ ಹಾಗೇ ಬರೀತೀನಿ, ನೀವೇ ಓದಿ.

"ಹೊಸ ಸಿಲಿಂಡರ್ ಸಾರ್, ಸೆಟ್ ಆಗೋಕೆ ಟೈಮ್ ತಗೊಳ್ಳುತ್ತೆ. ಅಲ್ಲೀವರೆಗೆ ಸ್ವಲ್ಪ ಎಣ್ಣೆ ಕುಡಿಯುತ್ತೆ."

ಮತ್ತೆ ಇಳಿಯಿತು. ಗಾಡಿ ತಗೊಂಡು ಹೋದೆ. "ಹಳೇ ಗಾಡಿ ಅಲ್ವಾ ಸಾರ್, ಇಷ್ಟಾದ್ರೂ ಓಡ್ತಿದೆಯಲ್ಲ."

ಮತ್ತೆ ಕೇಳಿದೆ. "ಈಗ ಬೂಸ್ಟರ್ ಎಣ್ಣೆ ಎಳೀತಿದೆ ಸಾರ್. ಬೂಸ್ಟರ್ ಹಾಕಿಬಿಡಿ, ಲೈಫ್‌ಟೈಮ್ ಚಿಂತೆ ಇಲ್ಲ."

ಬೂಸ್ಟರ್ ಅಂದ್ರೆ ಮಾಸ್ಟರ್ ಸಿಲಿಂಡರ್ ಹಿಂದೆ ಕೂತು, ಪೆಡಲ್ ಮೇಲಿನ ನಮ್ಮ ಕಾಲಿನ ಬಲ ಹೆಚ್ಚಿಸೋ ಭಾಗ. ಅದಕ್ಕೆ ಇನ್ನೊಂದು ಏಳು ಸಾವಿರ ಹೇಳಿದರು. ಈ ಮಾತು ಪೂರ್ತಿ ಸುಳ್ಳೂ ಅಲ್ಲ, ಅದೇ ಇದರ ಕಿತಾಪತಿ. ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲ್ ಹೋದರೆ ಎಣ್ಣೆ ನಿಜವಾಗಲೂ ಬೂಸ್ಟರ್ ಒಳಗೆ ಇಳಿಯುತ್ತೆ, ಹೊರಗೆ ಒಂದು ಹನಿಯೂ ಕಾಣಲ್ಲ. ಆದರೆ ಸಿಲಿಂಡರ್ ಹೊಸದು ಅಂತ ದುಡ್ಡು ತಗೊಂಡಿದ್ದು ನೀವೇ ಅಲ್ವಾ? ಹೊಸದರ ಸೀಲ್ ಹೋಗಿದ್ದರೆ ಅದಕ್ಕೆ ನಾನ್ಯಾಕೆ ಬೂಸ್ಟರ್ ದುಡ್ಡು ಕೊಡಬೇಕು? ಇದಕ್ಕೆ ಉತ್ತರ: "ನೀವು ಓದಿದವರು ಸಾರ್, ನಿಮ್ಮ ಹತ್ತಿರ ವಾದ ಮಾಡೋಕೆ ನಮಗೆ ಬರಲ್ಲ." ಹುಡುಗರೆಲ್ಲ ನಕ್ಕರು. ಅಷ್ಟು ಜನರ ಮುಂದೆ ಮುಖ ಎಲ್ಲಿಟ್ಟುಕೊಳ್ಳೋದು? ಹರಕೆಗೆ ಧರ್ಮಸ್ಥಳಕ್ಕೆ ಹೋಗೋದಿದೆ ಅಂದೆ. ಎಣ್ಣೆ ತುಂಬಿಸಿ ಕೊಟ್ಟರು. "ಧರ್ಮಸ್ಥಳಕ್ಕೆ ಹೋಗಿ ಬನ್ನಿ, ಏನೂ ಆಗಲ್ಲ, ಬಂದ ಮೇಲೆ ಬೂಸ್ಟರ್ ಮಾಡೋಣ" ಅಂದರು. ಈ ಮಾತನ್ನ ನಾನು ಮರೆಯಲ್ಲ. ಚಾರ್ಮಾಡಿ ಘಾಟಿ ಇಳಿಯೋ ಗಾಡಿಗೆ ಏನೂ ಆಗಲ್ಲ ಅಂದರು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯೋಕೆ ಶುರು ಮಾಡಿದ್ವಿ. ಅಮ್ಮ ಮುಂದೆ, ಹೆಂಡತಿ ಮಗಳು ಹಿಂದೆ. ಮೂರ್ನಾಲ್ಕು ತಿರುವು ಆದ ಮೇಲೆ ಪೆಡಲ್ ಒತ್ತಿದರೆ ಅರ್ಧಕ್ಕೂ ಕೆಳಗೆ ಹೋಗಿ ನಿಂತಿತು. ಎರಡು ಸಲ ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬಂತು. ಆಮೇಲೆ ಪಂಪ್ ಮಾಡಿದರೂ ಇಲ್ಲ. ಬ್ರೇಕ್ ಲೈನ್ ಎರಡು ಭಾಗ ಇರೋದರಿಂದ ಒಂದರಲ್ಲಿ ಎಣ್ಣೆ ಖಾಲಿಯಾದರೂ ಇನ್ನೊಂದು ಹಿಡಿಯುತ್ತೆ, ಅದಕ್ಕೇ ಇವತ್ತು ಇದನ್ನ ಬರೀತಿದೀನಿ. ಫಸ್ಟ್ ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಮೇಲೆ ಕೈ ಇಟ್ಟುಕೊಂಡು ಇಳಿದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದಿದ್ದೇ ಹೊಡೆದಿದ್ದು. ಅಮ್ಮ ಮಂಜುನಾಥ ಮಂಜುನಾಥ ಅನ್ನುತ್ತಿದ್ದರು, ಅದು ಹರಕೆಗೋ ಬ್ರೇಕಿಗೋ ಕೇಳೋ ಧೈರ್ಯ ಆಗಲಿಲ್ಲ.

ಕೆಳಗೆ ಉಜಿರೆ ಹತ್ತಿರ ಒಂದು ಶೀಟಿನ ಶೆಡ್, ಒಬ್ಬರೇ ಮೆಕ್ಯಾನಿಕ್, ಅರವತ್ತು ದಾಟಿರಬೇಕು. ಕಥೆ ಹೇಳಿದೆ. ಅವರು ಬಾನೆಟ್ ಕಡೆ ನೋಡಲೇ ಇಲ್ಲ. ಟಾರ್ಚ್ ಹಿಡಿದು ಹಿಂದೆ ಎಡಗಡೆ ಚಕ್ರದ ಒಳಮೈಗೆ ಬಿಟ್ಟರು. ಟೈರಿನ ಒಳಗಡೆ ಒಂದು ಒದ್ದೆ ಪಟ್ಟಿ, ಧೂಳು ಕೂತು ಕಪ್ಪಗಾಗಿದೆ. ಬೆರಳಲ್ಲಿ ಒರೆಸಿ, ಬಕೆಟ್ ನೀರಿಗೆ ಅದ್ದಿದರು, ಬೆರಳು ಸ್ವಚ್ಛ ಆಯ್ತು. "ಗ್ರೀಸ್ ಆದ್ರೆ ನೀರಲ್ಲಿ ಹೋಗಲ್ಲ ಸಾರ್. ಇದು ಬ್ರೇಕ್ ಆಯಿಲ್ಲೇ."

ಚಕ್ರ ತೆಗೆದರು. ಅದರ ಹಿಂದೆ ಬ್ರೇಕನ್ನ ಮುಚ್ಚಿರೋ ಲೋಹದ ಡ್ರಮ್. ಅದನ್ನ ಎಳೆಯಬೇಕಾದರೆ ಮೊದಲು ನಡುವಿನ ಕ್ಯಾಪ್ ಕಳಚಬೇಕು. ಆ ಕ್ಯಾಪ್ ತುಕ್ಕು ಮಣ್ಣು ಸೇರಿ ಗಾರೆ ಹಾಕಿದ ಹಾಗೆ ಕೂತಿತ್ತು. ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎಬ್ಬಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇದನ್ನ ಕೊನೆಗೆ ಬಿಚ್ಚಿಸಿದ್ದು ಯಾವಾಗ ಸಾರ್?" ನಾನು ಜೇಬಿನಿಂದ ಬಿಲ್ ತೆಗೆದು ಕೊಟ್ಟೆ. ನಾಲ್ಕು ವೀಲ್ ಬಿಚ್ಚಿ ಕ್ಲೀನ್, ಏರ್ ತೆಗೆದಿದ್ದು. ಓದಿದರು, ಏನೂ ಮಾತಾಡಲಿಲ್ಲ, ಹಿಂದಿನ ಏರ್ ನಿಪ್ಪಲ್ ತೋರಿಸಿದರು. ಅದರ ರಬ್ಬರ್ ಟೋಪಿ ಮಣ್ಣಿನಲ್ಲಿ ಮುಚ್ಚಿಹೋಗಿದೆ, ಪಾನಾ ಹಾಕಿದರೆ ಅಲ್ಲಾಡಲ್ಲ. ಇತ್ತೀಚೆಗೆ ಅದಕ್ಕೆ ಯಾರೂ ಪಾನಾ ಹಾಕೇ ಇಲ್ಲ. ಹಿಂದಿನ ಚಕ್ರ ಬಿಚ್ಚೇ ಇಲ್ಲ! ಬಿಚ್ಚದೆ ದುಡ್ಡು ತಗೊಂಡಿದ್ದಾರೆ!

ಡ್ರಮ್ ಎಳೆದ ಮೇಲೆ, ಎಣ್ಣೆಯ ಒತ್ತಡದಿಂದ ಬ್ರೇಕ್ ಶೂಗಳನ್ನ ಡ್ರಮ್ಮಿಗೆ ಒತ್ತೋ ವೀಲ್ ಸಿಲಿಂಡರ್ ತುದಿಯ ರಬ್ಬರನ್ನ ಸ್ಕ್ರೂಡ್ರೈವರ್‌ನಲ್ಲಿ ಸ್ವಲ್ಪ ಎತ್ತಿದರು ಅಷ್ಟೇ, ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ ಸುರಿಯಿತು. ಶೂ ಎರಡೂ ನೆನೆದು ಹೋಗಿದ್ದವು. ಮಾಸ್ಟರ್ ಸಿಲಿಂಡರ್‌ನ ಎರಡು ನಟ್ ಸಡಿಲಿಸಿ ಬೂಸ್ಟರ್ ಬಾಯಿಯನ್ನೂ ತೋರಿಸಿದರು. ಒಳಗೆ ಒಣಗಿದೆ, ಬೆರಳಿಗೆ ಧೂಳು ಬಂತು. ಅಂದ್ರೆ ಏಳು ಸಾವಿರದ ಬೂಸ್ಟರ್ ಕಥೆಯೂ ಸುಳ್ಳು.

ಹಿಂದೆ ಎರಡೂ ಕಡೆ ಹೊಸ ವೀಲ್ ಸಿಲಿಂಡರ್, ಹೊಸ ಶೂ, ಹೊಸ ನಿಪ್ಪಲ್, ಹೊಸ ಎಣ್ಣೆ. ನೆನೆದ ಶೂ ಪೆಟ್ರೋಲಲ್ಲಿ ತೊಳೆದು ಹಾಕಿ ಅಂತ ನಾನಂದೆ, ಒಪ್ಪಲಿಲ್ಲ; ಶೂ ಮೇಲಿನ ಲೈನರ್ ಎಣ್ಣೆ ಕುಡಿದರೆ ಸರಿಯಾಗಿ ಹಿಡಿಯಲ್ಲ, ಗಾಡಿ ಒಂದು ಕಡೆ ಎಳೆಯುತ್ತೆ ಅಂದರು. ಎಲ್ಲಾ ಸೇರಿ ಆಗಿದ್ದು ಆ ಬೂಸ್ಟರ್ ರೇಟಿನ ಅರ್ಧಕ್ಕಿಂತ ಕಡಿಮೆ. ಹಳೇ ಸಾಮಾನೆಲ್ಲ ನಾನು ಕೇಳುವ ಮೊದಲೇ ಪೇಪರ್‌ನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದರು. ಆಮೇಲಿಂದ ಡಬ್ಬಿಯ ಗೆರೆ ಅಲ್ಲಾಡಿಲ್ಲ.

ಹಾಗಾಗಿ ಎಣ್ಣೆ ಇಳೀತಿದ್ರೆ ಮೊದಲು ನೀವೇ ನಾಲ್ಕೂ ಚಕ್ರದ ಒಳಮೈ ನೋಡಿ, ರಾತ್ರಿ ಕೆಳಗೆ ಪೇಪರ್ ಹಾಸಿ. ಪೆಡಲ್ ಒತ್ತಿ ಹಿಡಿದಾಗ ಮೆಲ್ಲಗೆ ಜಾರ್ತಾ ಇದ್ದು, ಡಬ್ಬಿಯಲ್ಲಿ ಎಣ್ಣೆ ಹಾಗೇ ಇದ್ರೆ ಆಗ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಡಿ. ಡ್ರಮ್ ಬಿಚ್ಚುವಾಗ ಎದುರಿಗೇ ನಿಂತಿರಿ, ಬಿಸಿಲಾದರೂ ನಿಂತಿರಿ. ಹಳೇ ಪಾರ್ಟ್ ಬೇಕು ಅಂತ ಕೆಲಸ ಶುರು ಆಗೋ ಮೊದಲೇ ಹೇಳಿ. ಡಬ್ಬಿ ಮುಚ್ಚಳದ ಮೇಲೆ ಬ್ರೇಕ್ ಆಯಿಲ್ ದರ್ಜೆ ಡಾಟ್ 3 ಅಂತಿದೆಯೋ ಡಾಟ್ 4 ಅಂತಿದೆಯೋ ನೋಡಿ ಅದನ್ನೇ ಹಾಕಿಸಿ. ಇಂಜಿನ್ ಆಯಿಲ್ ಅಪ್ಪಿತಪ್ಪಿ ಬಿದ್ದರೂ ಒಳಗಿನ ರಬ್ಬರೆಲ್ಲ ಊದಿಕೊಂಡು ಇನ್ನೊಂದು ದೊಡ್ಡ ಬಿಲ್ ಗ್ಯಾರಂಟಿ. ಮುಖ್ಯವಾಗಿ, ಸೋರೋ ಗಾಡಿಗೆ ಎಣ್ಣೆ ತುಂಬಿಸಿ "ಹೋಗಿ ಬನ್ನಿ" ಅನ್ನೋ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ವಾಪಸ್ ಬಂದ ಮೇಲೆ ತುಕ್ಕು ಹಿಡಿದ ಕ್ಯಾಪಿನ ಫೋಟೋ ಆ ಬೈಪಾಸ್ ಗ್ಯಾರೇಜಿನ ಓನರ್ರಿಗೆ ಕಳಿಸಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಇಲ್ಲ. ಖುದ್ದಾಗಿ ಹೋದೆ. "ಆ ಹುಡುಗ ಕೆಲಸ ಬಿಟ್ಟು ಹೋದ ಸಾರ್" ಅಂದರು. ಮತ್ತೆ, "ಘಾಟಿ ಹತ್ತಿಸಿದ್ರೆ ಯಾವ ಗಾಡಿ ತಡೆಯುತ್ತೆ ಸಾರ್." ನನ್ನ ಗಾಡಿ ಘಾಟಿ ಹತ್ತಿಸಿದ್ದಲ್ಲ, ಇಳಿಸಿದ್ದು! ಲೇಬರ್ ದುಡ್ಡಾದರೂ ವಾಪಸ್ ಕೊಡಿ, ಇಲ್ಲಾಂದ್ರೆ ಗ್ರಾಹಕರ ಸಹಾಯವಾಣಿಗೆ ದೂರು ಕೊಡ್ತೀನಿ ಅಂದೆ. "ಕೊಡಿ ಸಾರ್, ಅದೇನ್ ಮಾಡ್ಕೋತೀರೋ ಮಾಡ್ಕೊಳ್ಳಿ" ಅಂದರು. 1915ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ. ಇದೇ ರೀತಿ "ನಾಲ್ಕು ವೀಲ್ ಬಿಚ್ಚಿ ಕ್ಲೀನ್" ಅಂತ ಬಿಲ್ ಹಾಕಿಸಿಕೊಂಡವರು ಇನ್ನೂ ಯಾರಾದರೂ ಇದ್ದರೆ, ಆ ಬಿಲ್ ಎಸೆಯಬೇಡಿ.